ಮಾಯಾ ಊರುಗಳಿಗೆ ಬಸ್ ಟೂರ್: ಗೈಡ್‌ಗೆ ಹತ್ತಕ್ಕೆ ಹತ್ತು, ಟೈಮ್‌ಟೇಬಲ್‌ಗೆ ನಾಲ್ಕು

ದಾವಣಗೆರೆಯಲ್ಲಿ ಈಗ ಬೀದಿಗೊಬ್ಬರ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಹೋಗುತ್ತಾರೆ, ನಯಾಗರ ನೋಡುತ್ತಾರೆ, ಮಾಲ್ ಸುತ್ತುತ್ತಾರೆ, ಉಳಿದ ದಿನ ಮನೆಯಲ್ಲಿ ಕೂತು ಬೇಜಾರಾಗಿ ವಾಪಸ್ ಬರುತ್ತಾರೆ. ಅಂಥವರು ಓದಲಿ ಅಂತಲೇ, ಮೆಕ್ಸಿಕೋದಲ್ಲಿ ಮಾಯಾ ಅನ್ನುವ ಹಳೆಯ ಜನಾಂಗದ ಊರುಗಳಿಗೆ ನಾವು ಮಾಡಿದ ಬಸ್ ಟೂರ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಕೈಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ವಾಪಸ್ ಅಮೆರಿಕಕ್ಕೆ ಬರಬೇಕಲ್ಲ, ಹಾಗಾಗಿ ಹಲವು ಸಲ ಒಳಗೆ ಬಿಡುವ ವೀಸಾ ತಾನಾ ಅಂತ ಮಾತ್ರ ನೋಡಿಕೊಳ್ಳಿ. ಡಲ್ಲಾಸ್‌ನಿಂದ ಟೂರ್ ಶುರುವಾಗುವ ಮೆಕ್ಸಿಕೋದ ಕಡಲ ದಂಡೆಯ ಊರು ಕಾನ್‌ಕುನ್‌ಗೆ ವಿಮಾನದಲ್ಲಿ ಮೂರು ಗಂಟೆ ಹತ್ತಿರ, ಅಷ್ಟೇ.

ನಾವು ಹೋಗಿದ್ದು ನಾಲ್ಕು ಜನ. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಭಾವ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಗನ ಕೈಗೆ ಕೊಟ್ಟವರು. ಟೂರ್ ಕಾನ್‌ಕುನ್‌ನಿಂದ ಶುರುವಾಗಿ ಚಿಚೆನ್ ಇಟ್ಸಾ, ಮೆರಿಡಾ, ಉಷ್ಮಾಲ್, ಕಂಪೆಚೆ, ಪಲೆಂಕೆ, ಬಕಲಾರ್, ತುಲುಮ್ ಮುಗಿಸಿ ಮತ್ತೆ ಕಾನ್‌ಕುನ್‌ಗೆ ತಂದು ಬಿಡುತ್ತದೆ. ವಿಮಾನದ ಟಿಕೆಟ್ ಬಿಟ್ಟು ತಲೆಗೆ ಒಂದೂವರೆ ಲಕ್ಷದ ಆಸುಪಾಸು. ಕಂಪನಿ ಹೆಸರು ಬೇಡ ಬಿಡಿ, ಬೇರೆಯವರ ಪಟ್ಟಿಗಳನ್ನೂ ನೋಡಿದೆ, ಹೆಚ್ಚು ಕಡಿಮೆ ಇದೇ ಊರು, ಇದೇ ಕ್ರಮ. ದುಡ್ಡು ದಂಡ ಅನ್ನಿಸಲಿಲ್ಲ. ಆದರೆ ಎಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದವರು ಯಾರೋ, ಅವರು ಆ ಜಾಗಗಳನ್ನು ನೋಡಿದ್ದಾರೋ ಇಲ್ಲವೋ ಅನ್ನುವ ಅನುಮಾನ ನನಗಿನ್ನೂ ಹೋಗಿಲ್ಲ. ಹೆಸರು ಮಾಡಿದ ಜಾಗಕ್ಕೆ ಜನಜಂಗುಳಿಯ ಹೊತ್ತಲ್ಲಿ ಕರೆದುಕೊಂಡು ಹೋದರು. ನಿಜವಾಗಿ ನೋಡಬೇಕಾದ ಕಡೆ ಓಡಿಸಿದರು.

ಬಸ್ ಬಗ್ಗೆ ದೂರಿಲ್ಲ. ಸೀಟು ದೊಡ್ಡದು, ಕಾಲು ಚಾಚಬಹುದು, ಹಿಂದೆ ಶೌಚಾಲಯ ಇದೆ. ದಿನಾ ಸೀಟು ಬದಲಾಯಿಸುವ ನಿಯಮ ಮಾಡಿದ್ದರು, ಅದರಿಂದ ಕಿಟಕಿ ಜಗಳ ಆಗಲಿಲ್ಲ. ಎಸಿ ಮಾತ್ರ ವಿಪರೀತ. ಹೊರಗೆ ಬೆವರು ಇಳಿಯುವ ಸೆಕೆ, ಒಳಗೆ ಹಲ್ಲು ಕಟಕಟ. ಅಕ್ಕ ಕೊನೆಯ ದಿನದವರೆಗೂ ಶಾಲು ಹೊದ್ದೇ ಕೂತಿದ್ದಳು. ರಸ್ತೆ ಚೆನ್ನಾಗಿದೆ, ಆದರೆ ಹಳ್ಳಿ ಬಂತೆಂದರೆ ಹಂಪ್ಸ್. ಅಲ್ಲಿ ಅದಕ್ಕೆ ತೋಪೆ ಅನ್ನುತ್ತಾರೆ. ನಮ್ಮೂರಿನವರು ಹಂಪ್ಸ್ ಹಾಕುವುದರಲ್ಲಿ ನಾವೇ ಫಸ್ಟ್ ಅಂದುಕೊಂಡಿದ್ದರೆ ಅಲ್ಲಿಗೆ ಹೋಗಿ ನೋಡಬೇಕು.

ಇನ್ನೊಂದು ವಿಷಯ ಬ್ರೋಷರ್‌ನಲ್ಲಿ ಎಲ್ಲೂ ಇರಲಿಲ್ಲ. ಕಾನ್‌ಕುನ್, ತುಲುಮ್, ಬಕಲಾರ್ ಇರುವ ರಾಜ್ಯದ ಗಡಿಯಾರ ಪಕ್ಕದ ಯುಕಟಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಹೋಗುವಾಗ ಒಂದು ಗಂಟೆ ಲಾಭ, ಖುಷಿ. ಆದರೆ ಪಲೆಂಕೆಯಿಂದ ಬಕಲಾರ್‌ಗೆ ಬರುವ ದಿನ, ಮೊದಲೇ ಅದು ಇಡೀ ಟೂರಿನಲ್ಲಿ ಅತಿ ಉದ್ದದ ಪ್ರಯಾಣ, ಅವತ್ತೇ ಆ ಗಂಟೆಯನ್ನು ವಾಪಸ್ ಕೊಡಬೇಕು. ಹೋಟೆಲ್ ತಲುಪಿದಾಗ ಅಡುಗೆಮನೆ ಮುಚ್ಚುವ ಹೊತ್ತು.

ಈಗ ದೊಡ್ಡ ಪಿರಮಿಡ್ ಇರುವ ಹಳೆಯ ಮಾಯಾ ಊರು ಚಿಚೆನ್ ಇಟ್ಸಾಕ್ಕೆ ಬರುತ್ತೇನೆ. ಕಾನ್‌ಕುನ್‌ನಿಂದ ಸುಮಾರು 200 ಕಿಲೋಮೀಟರ್. ಬಾಗಿಲು ತೆಗೆಯುವುದು ಬೆಳಗ್ಗೆ 8ಕ್ಕೆ. ನಾವು ಬೆಳಗ್ಗೆಯೇ ಹೊರಟಿದ್ದೆವು, ಆರಾಮಾಗಿ ಬಿಸಿಲು ಏರುವ ಮೊದಲು ಒಳಗಿರಬಹುದಿತ್ತು. ಆದರೆ ದಾರಿಯಲ್ಲಿ ಒಂದು ದೊಡ್ಡ ಅಂಗಡಿ ಮುಂದೆ ಬಸ್ ನಿಂತಿತು. ಬೆಳ್ಳಿ, ಕಪ್ಪು ಗಾಜುಕಲ್ಲು, ಟೋಪಿ, ಮದ್ಯ. ಅದು ಮುಗಿದ ಮೇಲೆ ಊಟ, ಊಟದ ಜೊತೆ ತಲೆ ಮೇಲೆ ಬಾಟಲಿ ಇಟ್ಟುಕೊಂಡು ಕುಣಿಯುವವರ ಡ್ಯಾನ್ಸ್. ಪಿರಮಿಡ್ ಮುಂದೆ ನಿಂತಾಗ ನಡು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ಕಾನ್‌ಕುನ್‌ನ ಬಸ್ಸುಗಳೆಲ್ಲ ಅದೇ ಹೊತ್ತಿಗೆ ಬಂದು ಸುರಿದಿದ್ದವು. ನಮಗೆ ಕೊಟ್ಟಿದ್ದು ಎರಡು ಗಂಟೆಗಿಂತ ಕಡಿಮೆ. ಅಂಗಡಿಗೆ ಕೊಟ್ಟ ಸಮಯಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ!

ಆದರೂ ಪಿರಮಿಡ್ ಪಿರಮಿಡ್ಡೇ. ಮೇಲಿನ ಗುಡಿ ಸೇರಿ 30 ಮೀಟರ್ ಎತ್ತರ. ನಾಲ್ಕು ಕಡೆ ಮೆಟ್ಟಿಲು, ಒಂದೊಂದು ಕಡೆ 91, ಮೇಲಿನ ಜಗಲಿ ಸೇರಿ 365. ವರ್ಷದ ದಿನಗಳ ಲೆಕ್ಕ. ಹಗಲು ರಾತ್ರಿ ಸಮ ಆಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ ಸಂಜೆ ಬಿಸಿಲಲ್ಲಿ ಮೆಟ್ಟಿಲ ಅಂಚಿನ ಮೇಲೆ ಹಾವು ಇಳಿದಂತೆ ನೆರಳು ಬೀಳುತ್ತದೆ. ನಾವು ಹೋದಾಗ ಅದಿಲ್ಲ. ಹತ್ತಲೂ ಬಿಡುವುದಿಲ್ಲ, ನಿಲ್ಲಿಸಿ ವರ್ಷಗಳೇ ಆದವು. ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಹಕ್ಕಿ ಕೂಗಿದ ಹಾಗೆ ಚೀಂವ್ ಅಂತ ಬರುತ್ತದೆ. ಕ್ವೆಟ್ಸಾಲ್ ಹಕ್ಕಿಯ ಕೂಗು ಅನ್ನುತ್ತಾರೆ. ಇದು ಸುಳ್ಳಲ್ಲ, ನಾವೇ ತಟ್ಟಿ ಕೇಳಿದೆವು. ಆದರೆ ನೂರಾರು ಜನ ಒಟ್ಟಿಗೆ ತಟ್ಟುತ್ತಿರುತ್ತಾರೆ, ಜೊತೆಗೆ ವ್ಯಾಪಾರಿಗಳು ಮರದ ಪೀಪಿ ಊದಿ ಚಿರತೆಯಂಥ ಜಾಗ್ವಾರ್ ಗುರುಗುಟ್ಟುವ ಸದ್ದು ಮಾಡಿ ಬೆನ್ನ ಹಿಂದೆಯೇ ಬೆಚ್ಚಿಬೀಳಿಸುತ್ತಾರೆ. ಚೆಂಡಾಟದ ಅಂಗಳ 168 ಮೀಟರ್ ಉದ್ದ, ಗೋಡೆಯ ಮೇಲೆ ಎತ್ತರದಲ್ಲಿ ಕಲ್ಲಿನ ಬಳೆ. ಅದನ್ನು ನೋಡುವಷ್ಟರಲ್ಲಿ ಸಮಯ ಮುಗಿಯಿತು. ಬಲಿ ಕೊಡುತ್ತಿದ್ದ ದೊಡ್ಡ ನೀರಿನ ಗುಂಡಿಯ ಕಡೆ ಹೋಗಲೇ ಇಲ್ಲ.

ಅಂಗಡಿಯ ವಿಷಯ ಬಂತಲ್ಲ, ಅಲ್ಲಿ ಮರದ ತೊಗಟೆಯ ಕಾಗದದ ಮೇಲೆ ನಿಮ್ಮ ಹುಟ್ಟಿದ ದಿನವನ್ನು ಮಾಯಾ ಲೆಕ್ಕದಲ್ಲಿ ಬರೆದು ಕೊಡುತ್ತಾರೆ. ಒಂಥರಾ ಜಾತಕ. ಆ ದಿನ ಹುಟ್ಟಿದವನ ಗುಣ, ಪ್ರಾಣಿ, ಎಲ್ಲಾ. ಭಾವ ಉತ್ಸಾಹದಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟರು. ಅಕ್ಕ ತಡೆದಳು. "ಏನ್ರೀ, ಅದು ಮೇಷ್ಟ್ರು ಬರೆದ ತಾರೀಕು!" ನಿಜ, ಭಾವನದ್ದೂ ಜೂನ್ 1. ಅವರ ಓರಗೆಯ ಅರ್ಧ ಊರಿಗೇ ಅದು ಹುಟ್ಟುಹಬ್ಬ. ಆದರೂ ದುಡ್ಡು ಕೊಟ್ಟು ತಗೊಂಡರು, ಗುಣ ಸರಿಯಾಗಿ ಹೊಂದುತ್ತದೆ ಅಂತ ಈಗಲೂ ವಾದ ಮಾಡುತ್ತಾರೆ.

ಗೈಡ್ ವಿಷಯಕ್ಕೆ ಬಂದರೆ ಬೇರೆ ಮಾತೇ ಇಲ್ಲ. ಸರ್ಕಾರದ ಲೈಸೆನ್ಸ್ ಇರುವ ಮನುಷ್ಯ, ಕುತ್ತಿಗೆಯಲ್ಲಿ ಕಾರ್ಡು. ಮನೆಯಲ್ಲಿ ತಾಯಿಯ ಜೊತೆ ಮಾಯಾ ಭಾಷೆಯಲ್ಲೇ ಮಾತಾಡುವವನು. ಮಾಯಾ ಜನ ಎಲ್ಲಿ ಮಾಯವಾದರು ಅಂತ ಬಸ್ಸಿನಲ್ಲಿ ಯಾರೋ ಕೇಳಿದ್ದಕ್ಕೆ, ಎಲ್ಲೂ ಹೋಗಿಲ್ಲ, ನಿಮ್ಮ ಮುಂದೆ ಮೈಕ್ ಹಿಡಿದು ನಿಂತಿದ್ದೇನಲ್ಲ ಅಂದ. ಒಂದು ಕಡೆ ನೆರಳಿನಲ್ಲಿ ಕೂರಿಸಿ, ಕಡ್ಡಿ ತಗೊಂಡು ಮಣ್ಣಿನ ಮೇಲೆ ಅವರ ಅಂಕಿ ಬರೆದು ತೋರಿಸಿದ. ಒಂದು ಚುಕ್ಕೆ ಅಂದರೆ ಒಂದು. ಒಂದು ಗೆರೆ ಅಂದರೆ ಐದು. ಒಂದು ಗೆರೆ, ಮೇಲೆ ಮೂರು ಚುಕ್ಕೆ, ಎಂಟು. ಸೊನ್ನೆಗೆ ಚಿಪ್ಪಿನ ಚಿತ್ರ. ನಾವು ಹತ್ತರ ಲೆಕ್ಕದಲ್ಲಿ ಸ್ಥಾನ ಬದಲಾಯಿಸಿದರೆ ಅವರದು ಇಪ್ಪತ್ತರ ಲೆಕ್ಕ, ಬರೆಯುವುದು ಕೆಳಗಿನಿಂದ ಮೇಲಕ್ಕೆ. ಸೊನ್ನೆ ನಮ್ಮದೇ ಅಂತ ಎದೆ ಉಬ್ಬಿಸಿ ಕೂತಿದ್ದ ನಮಗೆ, ನಮ್ಮ ಸುದ್ದಿಯೇ ಗೊತ್ತಿಲ್ಲದೆ ಇವರೂ ಅದನ್ನು ಕಂಡುಕೊಂಡಿದ್ದರು ಅನ್ನುವುದು ಹೊಸ ವಿಷಯ. ಭಾವ ಅವನ ಕೈಯಿಂದ ಕಡ್ಡಿ ಇಸಿದುಕೊಂಡು ಅವತ್ತಿನ ಕ್ವಿಂಟಾಲ್ ರೇಟನ್ನು ಚುಕ್ಕೆ ಗೆರೆಯಲ್ಲಿ ಬರೆಯಲು ಕೂತರು, ಬಸ್ಸಿನವರು ಹಾರ್ನ್ ಹೊಡೆದರು.

ಅವರ ಪುಸ್ತಕಗಳ ಕಥೆಯನ್ನೂ ಅವನೇ ಹೇಳಿದ್ದು. 1562ರಲ್ಲಿ ಮಾನಿ ಅನ್ನುವ ಊರಲ್ಲಿ ಡಿಯೆಗೋ ಡಿ ಲಾಂಡಾ ಅನ್ನುವ ಸ್ಪೇನಿನ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಈಗ ಪ್ರಪಂಚದಲ್ಲಿ ಉಳಿದಿರುವುದು ನಾಲ್ಕೇ ಅಂತೆ, ಅದರಲ್ಲಿ ಮೂರು ಯುರೋಪಿನಲ್ಲಿ. ತಮಾಷೆ ಅಂದರೆ ಮಾಯಾ ಜನರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅದೇ ಪಾದ್ರಿ ಬರೆದಿಟ್ಟದ್ದರಿಂದಲೇ ಬಂದಿದೆ.

ನನ್ನ ಪ್ರಕಾರ ಇಡೀ ಟೂರಿನಲ್ಲಿ ಉಷ್ಮಾಲ್ ಮೊದಲನೆಯದು. ಮೆರಿಡಾದಿಂದ 80 ಕಿಲೋಮೀಟರ್ ಸುಮಾರು. ಜನ ಕಡಿಮೆ, ಕಲ್ಲಿನ ಕೆಲಸ ಚಿಚೆನ್‌ಗಿಂತ ನಾಜೂಕು. ಅಲ್ಲಿ ಮಾಂತ್ರಿಕನ ಪಿರಮಿಡ್ ಅಂತ ಒಂದಿದೆ, ಅದಕ್ಕೆ ಚೂಪು ಮೂಲೆಯೇ ಇಲ್ಲ, ದುಂಡಗೆ ಬಳಸಿ ಏರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಆ ಸೀಮೆಯೆಲ್ಲ ಸುಣ್ಣಕಲ್ಲು, ನೆಲದ ಮೇಲೆ ಹರಿಯುವ ಹೊಳೆ ಅನ್ನುವುದೇ ಇಲ್ಲ. ಉತ್ತರದ ಕಡೆ ಭೂಮಿ ಕುಸಿದು ಆದ ನೀರಿನ ಗುಂಡಿಗಳಾದರೂ ಇವೆ, ಉಷ್ಮಾಲ್‌ನಲ್ಲಿ ಅದೂ ಇಲ್ಲ. ಅದಕ್ಕೆ ನೆಲದೊಳಗೆ ಬಾಟಲಿ ಆಕಾರದ ಹೊಂಡ ತೋಡಿ, ಒಳಗೆ ಗಾರೆ ಬಳಿದು, ಮಳೆ ನೀರನ್ನು ಇಳಿಸಿ ಇಟ್ಟುಕೊಳ್ಳುತ್ತಿದ್ದರು. ಚುಲ್ತೂನ್ ಅಂತ ಹೆಸರು. ಒಂದರ ಬಾಯಿ ಹತ್ತಿರ ನಿಂತು ನೋಡಿದೆ. ಸುತ್ತಲಿನ ಅಂಗಳವೇ ಅದರ ಕಡೆ ಇಳಿಜಾರು ಮಾಡಿದ್ದಾರೆ, ಬಿದ್ದ ಹನಿ ಬೇರೆ ಕಡೆ ಹೋಗಬಾರದು ಅಂತ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಗೋಡೆ ತುಂಬ ಚಾಕ್ ದೇವರ ಮುಖಗಳು, ಸೊಂಡಿಲಿನಂಥ ಬಾಗಿದ ಮೂಗು. ಚಾಕ್ ಅಂದರೆ ಮಳೆ ದೇವರು. ಇನ್ಯಾರನ್ನು ಕೆತ್ತುತ್ತಾರೆ, ಅಲ್ವಾ? ಇಲ್ಲಿ ನಮಗೆ ಕೊಟ್ಟಿದ್ದು ಒಂದೂವರೆ ಗಂಟೆ. ಅರ್ಧ ದಿನ ಕೊಡಬೇಕಿತ್ತು.

ಊಟ. ಮೊಟ್ಟೆಯನ್ನೂ ಮುಟ್ಟದವರು ಇದನ್ನು ಸರಿಯಾಗಿ ಓದಿ. ಬುಕಿಂಗ್‌ನಲ್ಲಿ ವೆಜ್ ಅಂತ ಬರೆಸಿದ್ದೆವು, ಅವರೂ ಆಯಿತು ಅಂದಿದ್ದರು. ಅಲ್ಲಿ ವೆಜ್ ಅಂದರೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣಬಾರದು, ಅಷ್ಟೇ ಅರ್ಥ. ಕರಿ ಹುರುಳಿಯಂಥ ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಬಾಡಿಸುತ್ತಾರೆ. ಅನ್ನವನ್ನು ಕೋಳಿ ಬೇಯಿಸಿದ ನೀರಲ್ಲಿ ಮಾಡುವುದೂ ಉಂಟು. ಇದನ್ನು ಮೊದಲ ದಿನವೇ ಹೇಳಿದ್ದು ಗೈಡ್, ಕಂಪನಿಯಲ್ಲ. ಆಮೇಲೆ ಅವನೇ ಪ್ರತಿ ಹೋಟೆಲಿನ ಅಡುಗೆಮನೆಗೆ ಹೋಗಿ ಹೇಳಿ ಬರುತ್ತಿದ್ದ. ಸಿಗುವುದು ಏನು? ಟೋರ್ಟಿಯಾ ಅನ್ನುವ ಮೆಕ್ಕೆಜೋಳದ ಸಣ್ಣ ರೊಟ್ಟಿ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಪಪ್ಪಾಯ, ಅನಾನಸ್, ಟೊಮೆಟೊ ಸಾಲ್ಸಾ, ಚಾಯಾ ಸೊಪ್ಪಿನ ಹಸಿರು ಜ್ಯೂಸು. ಡಲ್ಲಾಸ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದ ಚಟ್ನಿಪುಡಿ ಪ್ಯಾಕೆಟ್ ಮೂರನೇ ಊಟಕ್ಕೆ ಹೊರಬಂತು.

ಒಂದು ಹಳ್ಳಿ ಹೋಟೆಲಿನಲ್ಲಿ ಟೋರ್ಟಿಯಾ ಮಾಡುವುದನ್ನು ಹತ್ತಿರದಿಂದ ನೋಡಿದೆವು. ಮೆಕ್ಕೆಜೋಳವನ್ನು ಸುಣ್ಣ ಹಾಕಿದ ನೀರಲ್ಲಿ ಬೇಯಿಸಿ ರಾತ್ರಿ ಬಿಡುತ್ತಾರೆ, ಬೆಳಗ್ಗೆ ಸಿಪ್ಪೆ ತೊಳೆದು ರುಬ್ಬುತ್ತಾರೆ. ನಿಂಬೆ ಗಾತ್ರದ ಉಂಡೆ, ಎರಡು ಕೈಯಲ್ಲಿ ಚಟಪಟ ತಟ್ಟು, ಹಂಚಿನ ಮೇಲೆ ಹಾಕು. ಅಕ್ಕ ಒಂದನ್ನು ಕೈಗೆ ತಗೊಂಡು ತಿರುಗಿಸಿ ನೋಡಿದಳು. "ಇದು ರೊಟ್ಟಿ ಅಲ್ಲಪ್ಪಾ, ರೊಟ್ಟಿ ಮರಿ." ಭಾವನ ಚಿಂತೆಯೇ ಬೇರೆ. ಜೀವಮಾನವಿಡೀ ಮೆಕ್ಕೆಜೋಳ ತೂಗಿದ್ದಾರೆ. ಅದು ಕೋಳಿ ಫಾರಂಗೆ, ಪಿಷ್ಟದ ಫ್ಯಾಕ್ಟರಿಗೆ ಹೋಗುವ ಮಾಲು. ಮನುಷ್ಯರನ್ನು ದೇವರು ಮಾಡಿದ್ದೇ ಮೆಕ್ಕೆಜೋಳದ ಹಿಟ್ಟಿನಿಂದ ಅಂತ ನಂಬುವ ಜನ, ಬಿಳಿ, ಹಳದಿ, ಕೆಂಪು, ಕಪ್ಪು ಅಂತ ಬಣ್ಣ ಬಣ್ಣದ ತೆನೆ ಜಂತಿಗೆ ಕಟ್ಟಿದ್ದು, ಅದನ್ನೆಲ್ಲ ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಇದರ ಬೀಜ ಸಿಗುತ್ತೇನೋ ಕೇಳು" ಅಂದರು. ವಿಮಾನದಲ್ಲಿ ಬೀಜ ಒಯ್ಯಲು ಬಿಡುವುದಿಲ್ಲ ಭಾವ ಅಂತ ಹೇಳಿ ಸಾಕಾಯಿತು.

ಹಬನೇರೋ ಮೆಣಸಿನಕಾಯಿ ಬಗ್ಗೆ ಒಂದೇ ಮಾತು. ಮಂಡಕ್ಕಿ ಮಿರ್ಚಿ ತಿಂದು ಬೆಳೆದ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಂಪೆಚೆ ಕಡಲ ದಂಡೆಯ ಕೋಟೆ ಊರು. ಕಡಲ್ಗಳ್ಳರ ಕಾಟಕ್ಕೆ ಸುತ್ತ ಗೋಡೆ ಕಟ್ಟಿದ್ದಾರೆ. ಬಣ್ಣದ ಮನೆಗಳು, ಸಂಜೆ ತಿರುಗಾಡಲು ಚೆಂದ. ಅಲ್ಲಿಂದ ಪಲೆಂಕೆಗೆ ಐದು ಗಂಟೆ ಬಸ್. ಬಯಲು ಮುಗಿದು ಕಾಡು ಶುರುವಾಗುತ್ತದೆ, ಗಾಳಿ ಹಸಿಯಾಗುತ್ತದೆ, ಕನ್ನಡಕದ ಮೇಲೆ ಆವಿ. ಗುಡ್ಡದ ಬುಡದಲ್ಲಿ ಕಲ್ಲಿನ ಗುಡಿಗಳು, ಹಿಂದೆ ಕಗ್ಗಾಡು, ಅದರೊಳಗಿಂದ ಕೂಗುಮಂಗಗಳ ಅಬ್ಬರ. ಹುಲಿಯೇ ಬಂತು ಅಂತ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಪಕಾಲ್ ಅನ್ನುವ ರಾಜ 615ರಲ್ಲಿ ಹನ್ನೆರಡನೇ ವಯಸ್ಸಿಗೆ ಪಟ್ಟಕ್ಕೆ ಬಂದು 683ರಲ್ಲಿ ಸಾಯುವವರೆಗೂ ಆಳಿದವನು. ಅವನ ಗೋರಿಯ ಮೇಲೆ ಕಟ್ಟಿದ ಗುಡಿ ಎಲ್ಲರಿಗೂ ಕಾಣುತ್ತಿತ್ತು, ಒಳಗೆ ಗೋರಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆಲ್ಬರ್ಟೊ ರೂಸ್ ಅನ್ನುವ ಪುರಾತತ್ವದವರು ಗುಡಿಯ ನೆಲದ ಒಂದು ಚಪ್ಪಡಿಯಲ್ಲಿ ತೂತುಗಳಿರುವುದನ್ನು ಗಮನಿಸಿದರು. ಎತ್ತಿ ನೋಡಿದರೆ ಕೆಳಗೆ ಮೆಟ್ಟಿಲು, ತುಂಬ ಕಲ್ಲು ಮಣ್ಣು. ಅದನ್ನು ತೆಗೆಯುತ್ತಾ ತೆಗೆಯುತ್ತಾ ವರ್ಷಗಳು ಹೋಗಿ 1952ರಲ್ಲಿ ಗೋರಿ ಸಿಕ್ಕಿತು. ಹಸಿರು ಕಲ್ಲಿನ ಮುಖವಾಡ ಹಾಕಿಕೊಂಡು ಮಲಗಿದ್ದ ರಾಜ. ಈಗ ಅಲ್ಲಿಗೆ ಇಳಿಯಲು ಬಿಡುವುದಿಲ್ಲ, ಮುಖವಾಡ ಮೆಕ್ಸಿಕೋ ಸಿಟಿ ಮ್ಯೂಸಿಯಂನಲ್ಲಿದೆ. ಪಲೆಂಕೆಯ ಸಣ್ಣ ಮ್ಯೂಸಿಯಂನಲ್ಲಿ ಶವಪೆಟ್ಟಿಗೆಯ ನಕಲು ಇಟ್ಟಿದ್ದಾರೆ. ನಮ್ಮ ಪಟ್ಟಿಯಲ್ಲಿ ಮ್ಯೂಸಿಯಂ ಇರಲಿಲ್ಲ. ಗೈಡ್ ತನ್ನ ಊಟದ ಸಮಯ ಬಿಟ್ಟು ಕರೆದುಕೊಂಡು ಹೋದ.

ಬಕಲಾರ್ ಕೆರೆ ಏಳು ಬಣ್ಣದ ನೀಲಿ ಅನ್ನುತ್ತಾರೆ, ನಾವು ಎಣಿಸಲಿಲ್ಲ, ಆದರೆ ಒಳ್ಳೆಯದು. ತುಲುಮ್ ಫೋಟೋದಲ್ಲಿ ನೋಡಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಡಲ ಬಂಡೆ ಮೇಲೆ ಗುಡಿ, ನೆರಳು ಇಲ್ಲ, ಕಾಲಿಡಲು ಜಾಗ ಇಲ್ಲ. ಹೆಂಡತಿಗೆ ಮಾತ್ರ ಅದೇ ಬಹಳ ಇಷ್ಟವಾಯಿತು.

ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಇಂಥ ಟೂರೇ ಸರಿ, ಸಾಮಾನು ಹೊರುವ ತಾಪತ್ರಯ ಇಲ್ಲ, ಸ್ಪ್ಯಾನಿಷ್ ಬಾರದಿದ್ದರೂ ನಡೆಯುತ್ತದೆ. ಕಾಲಲ್ಲಿ ಶಕ್ತಿ ಇರುವ ಹುಡುಗರು 2023ರ ಡಿಸೆಂಬರ್‌ನಲ್ಲಿ ಶುರುವಾದ ಮಾಯಾ ರೈಲನ್ನು ವಿಚಾರಿಸಿ, ಅದು ಪಲೆಂಕೆವರೆಗೂ ಹೋಗುತ್ತದೆ. ಬುಕ್ ಮಾಡುವ ಮೊದಲು ಕಂಪನಿಯವರಿಗೆ ಎರಡು ಪ್ರಶ್ನೆ ಹಾಕಿ: ಚಿಚೆನ್ ಇಟ್ಸಾ ಬಾಗಿಲಿಗೆ ಎಷ್ಟು ಗಂಟೆಗೆ ತಲುಪುತ್ತೀರಿ, ದಾರಿಯಲ್ಲಿ ಅಂಗಡಿ ಎಷ್ಟು. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ, ಜೂನ್ ಮೇಲೆ ಮಳೆ, ಚಂಡಮಾರುತದ ಕಾಟ. ಗೈಡ್, ಡ್ರೈವರ್ ಟಿಪ್ಸ್ ಪ್ಯಾಕೇಜಿನಲ್ಲಿ ಸೇರಿಲ್ಲ, ಕೊನೆಯ ದಿನ ಬೇರೆ ಬೇರೆ ಲಕೋಟೆಯಲ್ಲಿ ಕೊಡಬೇಕು, ಪೆಸೋ ನೋಟು ಮೊದಲೇ ತೆಗೆದಿಟ್ಟುಕೊಳ್ಳಿ.