ಸಪ್ತಾಪುರದ ಮಾಕ್ ಇಂಟರ್‌ವ್ಯೂ (ಅಭ್ಯಾಸದ ಸಂದರ್ಶನ) ಕ್ಲಾಸ್: ಆರು ಭಾನುವಾರ ಹೋಗಿ ಬಂದ ಮೇಲೆ

ನಾನು ಹುಬ್ಬಳ್ಳಿ ಹತ್ತಿರದ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಲರ್ಕ್. ಸೇರಿ ನಾಲ್ಕು ವರ್ಷ ಆಯಿತು. ಕ್ಲರ್ಕ್ ಹುದ್ದೆಗೆ ಸಂದರ್ಶನ ಇಲ್ಲ. ಪ್ರಿಲಿಮ್ಸ್, ಮೇನ್ಸ್ ಅಂತ ಎರಡು ಪರೀಕ್ಷೆ ಬರೆದು ಸೀದಾ ಕೌಂಟರ್‌ಗೆ ಬಂದು ಕೂತೆ. ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಆಗಬೇಕೆಂದರೆ ಹಾಗಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪಿಒಗೆ ಮೇನ್ಸ್ ಆದ ಮೇಲೆ 100 ಅಂಕದ ಸಂದರ್ಶನ ಇದೆ. ಕೊನೆಯ ಪಟ್ಟಿ ಮಾಡುವಾಗ ಮೇನ್ಸ್‌ಗೆ 80, ಸಂದರ್ಶನಕ್ಕೆ 20ರ ಲೆಕ್ಕ. ಬರೀ 20 ಅಲ್ವಾ ಅನಿಸಬಹುದು. ಆದರೆ ಸಂದರ್ಶನದಲ್ಲಿ ಶೇ. 40 ಬರಲೇಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 35. ಅಷ್ಟು ಬರದಿದ್ದರೆ ಮೇನ್ಸ್‌ನಲ್ಲಿ ಎಷ್ಟೇ ತೆಗೆದಿರಲಿ, ಅಲ್ಲಿಗೆ ಮುಗಿಯಿತು.

ನನಗೆ ಮೊದಲ ಸಲ ಬಂದದ್ದು 34.

ಆ ದಿನ ಕೇಳಿದ ಒಂದು ಪ್ರಶ್ನೆ ಈಗಲೂ ನೆನಪಿದೆ. ‘ನಿಮ್ಮೂರು ನವಲಗುಂದ ಅಂತೀರಿ, ಅಲ್ಲಿಯ ವಿಶೇಷ ಏನು?’ ನಾನು ಹುಟ್ಟಿದಾಗಿನಿಂದ ಮಲಗಿದ್ದೇ ನವಲಗುಂದದ ಜಮಖಾನೆಯ ಮೇಲೆ. ಅದರಲ್ಲಿ ನೇಯುವ ನವಿಲು ಕಣ್ಣು ಮುಚ್ಚಿದರೂ ಕಾಣುತ್ತದೆ. ಆ ಜಮಖಾನೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ ಇದೆ. ನಮ್ಮೂರಿನ 1980ರ ರೈತ ಹೋರಾಟದ ಕಥೆ ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಆದರೆ ಆ ಮೇಜಿನ ಮುಂದೆ ಬಾಯಿಂದ ಒಂದು ಮಾತೂ ಬರಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ‘ಸ್ಮಾಲ್ ಟೌನ್ ಸರ್’ ಅಂದೆ, ಅಷ್ಟೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಎಲ್ಲಾ ನೆನಪಾಯಿತು. ಊರಿಗೇ ಅವಮಾನ ಮಾಡಿ ಬಂದೆ ಅನಿಸಿತು.

ಎರಡನೇ ಸಲಕ್ಕೆ ಮುಂಚೆ ಒಂದು ಆನ್‌ಲೈನ್ ಕೋಚಿಂಗ್‌ಗೆ 6,500 ರೂಪಾಯಿ ಕಟ್ಟಿದೆ. 200 ಪ್ರಶ್ನೆ, 200 ಉತ್ತರದ ಪಿಡಿಎಫ್ ಕೊಟ್ಟರು. ಬಾಯಿಪಾಠ ಮಾಡಿದೆ. ಇಪ್ಪತ್ತು ನಿಮಿಷದ ಒಂದು ವಿಡಿಯೊ ಕಾಲ್ ಮಾಡಿ ‘ಕಾನ್ಫಿಡೆನ್ಸ್ ಜಾಸ್ತಿ ಮಾಡಿಕೊಳ್ಳಿ’ ಅಂದರು. ಹೇಗೆ ಅಂತ ಹೇಳಲಿಲ್ಲ. ಬಾಯಿಪಾಠ ಮಾಡಿದ್ದರಿಂದ ಇನ್ನೂ ಕೆಟ್ಟಿತು. ಒಂದು ಸಾಲು ಮರೆತರೆ ಮುಂದಿನ ಸಾಲು ಬರುತ್ತಿರಲಿಲ್ಲ. ಆ ಸಲ 41 ಬಂತು, ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಸಪ್ತಾಪುರದ ಈ ಕ್ಲಾಸ್ ಬಗ್ಗೆ ಹೇಳಿದ್ದು ನಮ್ಮ ಶಾಖೆಯ ಕ್ಯಾಶಿಯರ್ ಅಕ್ಕ. ಧಾರವಾಡದ ಸಪ್ತಾಪುರ ಅಂದರೆ ಗೊತ್ತಲ್ವಾ, ಹೆಜ್ಜೆಗೊಂದು ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್. ಇದಕ್ಕೆ ಬೋರ್ಡ್ ಕೂಡ ಇಲ್ಲ. ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ನಡೆಸುವವರು ಬ್ಯಾಂಕಿನಲ್ಲಿ ಚೀಫ್ ಮ್ಯಾನೇಜರ್ ಆಗಿ ನಿವೃತ್ತರಾದ ಒಬ್ಬ ಮೇಡಂ. ಒಂದು ಬ್ಯಾಚ್‌ಗೆ ಆರೇ ಜನ. ಜಾಸ್ತಿ ಜನ ಬಂದರೆ ಆಗುವುದಿಲ್ಲ ಅಂತ ಅವರೇ ಕೇಳಿಕೊಂಡಿದ್ದಕ್ಕೆ ಇಲ್ಲಿ ಹೆಸರು ಹಾಕಿಲ್ಲ. ಆರು ಭಾನುವಾರಕ್ಕೆ 3,000 ರೂಪಾಯಿ. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಮೊದಲ ಭಾನುವಾರ ಪಾಠ ಏನೂ ಇಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಹತ್ತು ನಿಮಿಷ ಪ್ರಶ್ನೆ ಕೇಳಿದರು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನಮಗೇ ತೋರಿಸಿದರು. ನಾನು ಪ್ರತಿ ಉತ್ತರದ ಕೊನೆಯಲ್ಲಿ ದನಿ ಇಳಿಸುತ್ತಿದ್ದೆ. ಕೊನೆಯ ಎರಡು ಮೂರು ಪದ ಕೇಳಿಸುತ್ತಲೇ ಇರಲಿಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಶುರು ಮಾಡುತ್ತಿದ್ದೆ. ಎಡಗೈಯ ಉಗುರಿನಿಂದ ಬಲಗೈಯ ಹೆಬ್ಬೆರಳನ್ನು ಕೆರೆಯುತ್ತಲೇ ಇದ್ದೆ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೇಡಂ ಹೇಳಿದ್ದು ಇಷ್ಟೇ: ‘ಯಾಕಷ್ಟು ಗಡಿಬಿಡಿ ಮಾಡ್ತೀರಿ? ಪ್ರಶ್ನೆ ಪೂರ್ತಿ ಕೇಳಿಸ್ಕೊಳ್ರಿ. ಒಂದು ಉಸಿರು ಬಿಡ್ರಿ. ಆಮ್ಯಾಲೆ ಮಾತಾಡ್ರಿ.’

ಆ ಉಸಿರಿನ ವಿಷಯ ಸುಮ್ನೆ ಹೇಳಿದ್ದಲ್ಲ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಅದಕ್ಕೇ ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬಿಡಬೇಕು. ನಾಲ್ಕು ಎಣಿಸಿ ಎಳೆದುಕೊಂಡರೆ ಆರೇಳು ಎಣಿಸಿ ಬಿಡಬೇಕು. ಪ್ರತಿ ಭಾನುವಾರ ಒಳಗೆ ಕರೆಯುವ ಮುಂಚೆ ಮೆಟ್ಟಿಲ ಮೇಲೆ ನಿಂತು ಇದನ್ನು ಮಾಡಿಸುತ್ತಿದ್ದರು. ‘ಎದಿ ಹೊಡ್ಕೊಳ್ಳೂದು ನಿಲ್ಲೂದಿಲ್ರೀ, ಅದು ಹೊಡ್ಕೊಳ್ಳಿ. ನಿಮ್ಮ ಮಾತು ನಿಲ್ಲಬಾರದು’ ಅನ್ನುತ್ತಿದ್ದರು.

ಇಲ್ಲಿ ಒಂದು ಮಾತು. ನನ್ನ ಗೆಳತಿಯೊಬ್ಬಳು ಸಂದರ್ಶನಕ್ಕೆ ಮುಂಚೆ ಪ್ರೊಪ್ರನೊಲಾಲ್ ಮಾತ್ರೆ ತಗೋ, ಕೈ ನಡುಗುವುದಿಲ್ಲ ಅಂದಿದ್ದಳು. ನನಗೆ ಆಸ್ತಮಾ ಇದೆ. ಡಾಕ್ಟರನ್ನು ಕೇಳಿದೆ, ಮುಟ್ಟಲೇಬೇಡ ಅಂದರು. ಆಸ್ತಮಾ ಇದ್ದವರಿಗೆ ಅದರಿಂದ ಉಸಿರು ಕಟ್ಟಬಹುದು. ಯಾರೋ ಹೇಳಿದರು ಅಂತ ದಯವಿಟ್ಟು ಇಂಥ ಮಾತ್ರೆ ನುಂಗಬೇಡಿ.

ನನ್ನ ಪಾಲಿಗೆ ಎಲ್ಲವನ್ನೂ ಬದಲಿಸಿದ್ದು ಮೂರನೇ ಭಾನುವಾರ. ಎನ್‌ಪಿಎ ಅಂದರೇನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಪಿಡಿಎಫ್‌ನ ಸಾಲು ಶುರು ಮಾಡಿ ಅರ್ಧಕ್ಕೆ ನಿಂತೆ. ಮೇಡಂ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಮೇಜಿನ ಮೇಲೆ ಮೊಣಕೈ ಊರಿ ಕೂತರು. ನಮ್ಮ ಕೌಂಟರಿಗೆ ಬರುವ ರೈತ ಅಜ್ಜಂದಿರು ಕೂರುವ ಹಾಗೆಯೇ.

‘ಏ ತಂಗಿ, ನನ್ನ ಬೆಳೆಸಾಲ ಎನ್‌ಪಿಎ ಆಗೇತಂತ. ಹಂಗಂದ್ರ ಏನವಾ?’

ನಾನು ಯೋಚನೆಯೇ ಮಾಡಲಿಲ್ಲ. ‘ಅಜ್ಜಾರ, ಕಂತಾಗಲಿ ಬಡ್ಡಿಯಾಗಲಿ 90 ದಿನ ದಾಟಿದ್ರೂ ಬರಲಿಲ್ಲಂದ್ರ ಆ ಸಾಲನ ಎನ್‌ಪಿಎ ಅಂತ ಬರೀತೀವ್ರಿ. ಆದ್ರ ನಿಮ್ಮದು ಬೆಳೆಸಾಲ, ಅದಕ್ಕ 90 ದಿನದ ಲೆಕ್ಕ ಇಲ್ರಿ. ಹೆಸರು, ಕಡ್ಲಿಯಂಥಾ ಬೆಳಿಗೆ ಎರಡು ಹಂಗಾಮು ದಾಟಬೇಕು. ನಿಮ್ಮದು ಯಾವಾಗ ತಗೊಂಡಿದ್ದು? ಪಾಸ್‌ಬುಕ್ ತಂದೀರೇನು?’ ಅಂದೆ. ಪಾಸ್‌ಬುಕ್‌ಗೆ ಕೈ ಕೂಡ ಚಾಚಿದ್ದೆ.

ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಮೇಡಂ ನಗಲಿಲ್ಲ. ‘ಈಗ ಇದನ್ನ ಇಂಗ್ಲಿಷ್‌ನಾಗ ಹೇಳ್ರಿ. ಅಜ್ಜಗ ಹೇಳಿದಂಗ’ ಅಂದರು. ಹೇಳಿದೆ. ವ್ಯಾಕರಣ ಅಲ್ಲಲ್ಲಿ ತಪ್ಪಿತು, ಮಾತು ಮಾತ್ರ ನಿಲ್ಲಲಿಲ್ಲ. ನಾಲ್ಕು ವರ್ಷದಿಂದ ದಿನಾ ಮಾಡುತ್ತಿರುವ ಕೆಲಸವನ್ನು ಬಿಟ್ಟು ಯಾರೋ ಬರೆದ ಉತ್ತರ ಹುಡುಕುತ್ತಿದ್ದೆ ಅಂತ ಆಗ ಗೊತ್ತಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು. ದುಃಖಕ್ಕಲ್ಲ.

ಉಳಿದ ಭಾನುವಾರಗಳಲ್ಲಿ ಬೇರೆ ಬೇರೆ ಅಪರಿಚಿತರನ್ನು ಎದುರಿಗೆ ಕೂರಿಸುತ್ತಿದ್ದರು. ಒಂದು ಸಲ ನಿವೃತ್ತ ಮೇಷ್ಟ್ರು, ಒಂದು ಸಲ ಮೇಡಂ ಅವರ ಹಳೆಯ ಸಹೋದ್ಯೋಗಿಗಳು ಇಬ್ಬರು. ಒಬ್ಬರು ಬೇಕೆಂತಲೇ ಮುಖ ಗಂಟಿಕ್ಕಿ ಕೂತಿದ್ದರು. ನಾನು ಮಾತಾಡುವಾಗ ಒಬ್ಬರು ಕಿಟಕಿ ಕಡೆ ನೋಡುತ್ತಿದ್ದರು. ಇದು ಬಹಳ ಉಪಯೋಗಕ್ಕೆ ಬಂತು. ಕನ್ನಡಿ ಮುಂದೆ ಎಷ್ಟು ಸಲ ಹೇಳಿಕೊಂಡರೂ ಗುರುತಿಲ್ಲದ ಒಬ್ಬರು ನಿಮ್ಮನ್ನು ದಿಟ್ಟಿಸಿದಾಗ ಆಗುವ ಗಾಬರಿ ಬೇರೆಯೇ. ಅದು ನಾಲ್ಕೈದು ಸಲ ಆದ ಮೇಲೆ ಹೋಗಲಿಲ್ಲ ನಿಜ, ಆದರೆ ಪರಿಚಯವಾಯಿತು.

ಕೊರತೆಗಳನ್ನೂ ಹೇಳಬೇಕು. ಕೋಣೆ ತುಂಬಾ ಸಣ್ಣದು, ಮಧ್ಯಾಹ್ನ ಸೆಖೆ ತಡೆಯಲು ಆಗುವುದಿಲ್ಲ. ಕೆಳಗಿನ ರಸ್ತೆಯ ಹಾರ್ನ್ ಸದ್ದಿಗೆ ರೆಕಾರ್ಡಿಂಗ್ ಎಷ್ಟೋ ಕಡೆ ಕೇಳಿಸುವುದಿಲ್ಲ. ಎರಡು ಸಲ ಸಮಯ ಬದಲಾಗಿದ್ದನ್ನು ಬೆಳಿಗ್ಗೆ ಏಳಕ್ಕೆ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದರು. ಆಗಲೇ ನಾನು ಬಸ್ಸಿನಲ್ಲಿದ್ದೆ. ದೂರದಿಂದ ಬರುವವರಿಗೆ ಇದು ಕಷ್ಟ. ಇನ್ನು ಐಟಿ ಕಂಪನಿಯ ಸಂದರ್ಶನಕ್ಕೆ ತಯಾರಿ ಬೇಕಾದವರಿಗೆ ಈ ಜಾಗ ಅಲ್ಲ. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಎಂಜಿನಿಯರಿಂಗ್ ಹುಡುಗ ಇದ್ದ. ಧೈರ್ಯ ಬಂತು ಅಂದ, ಆದರೆ ಕೋಡಿಂಗ್ ಪ್ರಶ್ನೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ 5ಕ್ಕೆ 4 ಕೊಡುತ್ತಿದ್ದೇನೆ.

ಮೂರನೇ ಸಂದರ್ಶನ ಹೋದ ತಿಂಗಳು ಬೆಂಗಳೂರಿನಲ್ಲಿ ಆಯಿತು. ಹಿಂದಿನ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ, ನಿದ್ದೆ ಬರಲಿಲ್ಲ. ಬಾಗಿಲ ಹೊರಗೆ ಕೂತಾಗ ಎದೆ ಮೊದಲಿನ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಉದ್ದಕ್ಕೆ ಉಸಿರು ಬಿಟ್ಟೆ. ಒಳಗೆ ಎರಡನೇ ಪ್ರಶ್ನೆಗೇ ತಲೆ ಖಾಲಿಯಾಯಿತು. ‘ಇದು ಗೊತ್ತಿಲ್ಲ ಸರ್’ ಅಂದೆ, ದನಿ ಇಳಿಸದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಅಷ್ಟೇ ಆಗುವುದು ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಈ ಸಲವೂ ಊರಿನ ಬಗ್ಗೆ ಕೇಳಿದರು. ಜಮಖಾನೆಯ ಬಗ್ಗೆ ಹೇಳಲು ಶುರು ಮಾಡಿದೆ. ಮಗ್ಗದ ಮುಂದೆ ಕೂತು ನೇಯುವವರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬರಿಗೆ ಸಾಲ ಬೇಕಾದರೆ ಬ್ಯಾಂಕ್ ಏನು ಮಾಡಬಹುದು ಅನ್ನುವವರೆಗೂ ಮಾತು ಹೋಯಿತು. ಸಂದರ್ಶನ ಮಾಡುತ್ತಿದ್ದ ಮೇಡಂ ಒಬ್ಬರು ನವಿಲಿನ ವಿನ್ಯಾಸದ ಬಗ್ಗೆ ಮತ್ತೆ ಕೇಳಿದರು. ಕೈಯಲ್ಲಿ ಗಾಳಿಯಲ್ಲೇ ಬಿಡಿಸಿ ತೋರಿಸಿದೆ.

ಫಲಿತಾಂಶ ಇನ್ನೂ ಬಂದಿಲ್ಲ. ಮುಂದಿನ ಬ್ಯಾಚ್‌ಗೆ ಹೋಗುವವರು ನೀರಿನ ಬಾಟಲಿ ತಗೊಂಡು ಹೋಗಿ, ಅಲ್ಲಿ ಇರುವುದಿಲ್ಲ. ಮೊದಲ ದಿನದ ರೆಕಾರ್ಡಿಂಗ್ ನಿಮ್ಮ ಮೊಬೈಲ್‌ಗೆ ಹಾಕಿಸಿಕೊಳ್ಳಿ. ಆರನೇ ಭಾನುವಾರ ಅದನ್ನು ಹಾಕಿ ನೋಡಲು ಬೇಕಾಗುತ್ತದೆ.