ಬೆಕ್ಕಿನ ಉತಾರ ಮತ್ತು ಕಪ್ಪು ರಟ್ಟು: ‘ನೆಕ್ಸ್ಟ್ ಜನರೇಷನ್’ ಬ್ಲೂ-ರೇ ಜೊತೆ ಹತ್ತು ವರ್ಷ

ಕೊಂಡದ್ದು ಒಂದೇ ಸಲಕ್ಕಲ್ಲ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಎಂಬ ಅಮೆರಿಕದ ಅಂತರಿಕ್ಷ ನೌಕೆಯ ಧಾರಾವಾಹಿಯ ಮೊದಲ ಸೀಸನ್ನಿನ ಬ್ಲೂ-ರೇ ಡಿಸ್ಕು 2012ರ ಜುಲೈಯಲ್ಲಿ ಬಂತು, ಏಳನೆಯದು 2014ರ ಡಿಸೆಂಬರಿನಲ್ಲಿ. ಅಮೆರಿಕದಲ್ಲಿರುವ ನನ್ನ ಭಾವಮೈದುನ ಊರಿಗೆ ಬಂದಾಗಲೆಲ್ಲ ಬಟ್ಟೆಗಳ ನಡುವೆ ಒಂದೋ ಎರಡೋ ಡಬ್ಬಿ ಸುತ್ತಿ ತರುತ್ತಿದ್ದ. ಒಟ್ಟು 178 ಕಂತು. ಎರಡು ಸಲ ಪೂರ್ತಿ ನೋಡಿದ್ದೇವೆ. ಮೂರನೆಯ ಸುತ್ತು ನಡುವೆ ನಿಂತಿದೆ. ಅದರ ಕಥೆ ಬೇರೆ, ಆಮೇಲೆ ಹೇಳುತ್ತೇನೆ.

‘ನೋಡಿದ್ದೇವೆ’ ಎಂದರೆ ಮೂವರು. ಧಾರವಾಡದ ಲೈನ್ ಬಜಾರಿನ ಹತ್ತಿರ ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವ ನಾನು. ಹೊಲಗಳ ದಾಖಲೆ, ಉತಾರ ನೋಡಿಕೊಳ್ಳುವ ತಲಾಠಿಯಾಗಿ ನಿವೃತ್ತರಾದ ನನ್ನ ಸೋದರಮಾವ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಅಲ್ಲೇ ಕೆಲಸಕ್ಕೆ ಸೇರಿದ ನನ್ನ ಮಗಳು. ಶನಿವಾರ ಸಂಜೆ ಅವಳು ಚಿಗರಿ ಬಸ್ಸಿನಲ್ಲಿ ಬರುತ್ತಾಳೆ, ಬರುವಾಗ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾಳೆ. ಎರಡು ಕಂತು ನೋಡುವುದು, ನಾಲ್ಕು ಕಂತಿನಷ್ಟು ಹೊತ್ತು ಜಗಳವಾಡುವುದು. ಮಾಮಾ ಎಂಬತ್ತರ ದಶಕದಲ್ಲಿ ಮೂಲ ಸ್ಟಾರ್ ಟ್ರೆಕ್ಕನ್ನು ದೂರದರ್ಶನದಲ್ಲಿ, ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದವರು. ಆ ಹಿರಿತನವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮೊದಲು ಚಿತ್ರದ ಗುಣಮಟ್ಟ. ಇದು ನನ್ನ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಈ ಧಾರಾವಾಹಿ 1987ರಿಂದ 1994ರವರೆಗೆ ನಡೆಯಿತು. ಚಿತ್ರೀಕರಿಸಿದ್ದು 35 ಎಂಎಂ ಫಿಲ್ಮಿನಲ್ಲಿ. ಆದರೆ ಸಂಕಲನ, ನೌಕೆ ಹಾರುವ ದೃಶ್ಯಗಳ ಜೋಡಣೆ ಎಲ್ಲವನ್ನೂ ಮಾಡಿದ್ದು ವಿಡಿಯೋ ಟೇಪಿನ ಮೇಲೆ. ನಮ್ಮ ಕಡೆಯ ಮದುವೆಗಳ ಭಾಷೆಯಲ್ಲಿ ಹೇಳುವುದಾದರೆ, ನೆಗೆಟಿವ್ ಚೊಕ್ಕವಾಗಿ ಅಟ್ಟದ ಮೇಲಿದೆ, ಗಿರಾಕಿಯ ಕೈಗೆ ಕೊಟ್ಟಿದ್ದು ಮಾತ್ರ ಮಸುಕಾದ ಕ್ಯಾಸೆಟ್ಟು. ಬ್ಲೂ-ರೇ ಮಾಡುವಾಗ ಆ ಟೇಪನ್ನೇ ಉಜ್ಜಿ ತೊಳೆದು ಕೊಡಬಹುದಿತ್ತು. ಹಾಗೆ ಮಾಡಲಿಲ್ಲ. ಅಟ್ಟದಿಂದ ಫಿಲ್ಮಿನ ಸುರುಳಿಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಹೊಸದಾಗಿ ಸ್ಕ್ಯಾನ್ ಮಾಡಿ, ಏಳು ಸೀಸನ್ನನ್ನೂ ಮೊದಲಿನಿಂದ ಮತ್ತೆ ಸಂಕಲಿಸಿದರು. ನೌಕೆಯ ಮಾದರಿಗಳನ್ನು ಚಿತ್ರೀಕರಿಸಿದ ಹಳೆಯ ತುಣುಕುಗಳನ್ನೂ ಹುಡುಕಿ ಮತ್ತೆ ಜೋಡಿಸಿದರು. ಮೂಲ ಫಿಲ್ಮು ಸಿಗದೇ ಹೋದ ಕೆಲವು ಸೆಕೆಂಡುಗಳಿಗೆ ಹಳೆಯ ಟೇಪಿನ ಚಿತ್ರವನ್ನೇ ತೇಪೆ ಹಾಕಿದ್ದಾರೆ. ತೇಪೆ ಕಾಣುತ್ತದೆ. ಕಾಣಬೇಕಾದ್ದೇ.

ಒಂದು ಕಂತಿನ ಮದುವೆ ವಿಡಿಯೋವನ್ನು ಎರಡನೆಯ ಸಲ ಸಂಕಲಿಸು ಎಂದರೆ ನಾನು ಎರಡು ದಿನ ಫೋನ್ ಎತ್ತುವುದಿಲ್ಲ. ಇವರು 178 ಮಾಡಿದ್ದಾರೆ.

ಚಿತ್ರ ಅಷ್ಟು ಸ್ಪಷ್ಟವಾದದ್ದರ ಒಂದು ತಮಾಷೆಯಿದೆ. ನೌಕೆಯ ಚಾಲನಾ ಕೋಣೆಯ ಗಾಜಿನಂಥ ಫಲಕಗಳ ಮೇಲೆ ಅಲ್ಲಲ್ಲಿ ಕಪ್ಪು ರಟ್ಟಿನ ತುಂಡು ಅಂಟಿಸಿರುವುದು ಈಗ ಕಾಣುತ್ತದೆ. ದೀಪದ ಪ್ರತಿಫಲನ ಕ್ಯಾಮೆರಾಕ್ಕೆ ಹೊಡೆಯದಿರಲೆಂದು ಮಾಡಿದ ಉಪಾಯ; ಹಳೆಯ ಟಿವಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ಸಲ ಅದನ್ನು ಕಂಡಾಗ ನಾನು ಚಿತ್ರ ನಿಲ್ಲಿಸಿ ಎದ್ದು ಹೋಗಿ ಪರದೆಗೆ ಬೆರಳಿಟ್ಟು ತೋರಿಸಿದೆ. ನಾನೂ ಕಲ್ಯಾಣಮಂಟಪದಲ್ಲಿ ಹಿತ್ತಾಳೆಯ ದೀಪದ ಸಮೆಗೆ ಕಪ್ಪು ಬಟ್ಟೆ ಹಿಡಿಸುವವನೇ. ಮಗಳಿಗೆ ಮಾತ್ರ ಬೇಸರ. ಇಪ್ಪತ್ತನಾಲ್ಕನೆಯ ಶತಮಾನದಲ್ಲಿ ರಟ್ಟು ಯಾಕಪ್ಪಾ ಎಂದಳು.

ಇನ್ನೊಂದು ದೂರು ಮಾಮಾನದು. ಚಿತ್ರದ ಎರಡೂ ಬದಿಗೆ ಕಪ್ಪು ಪಟ್ಟಿ ಇರುತ್ತದೆ, ಏಕೆಂದರೆ ಮೂಲದ ಚೌಕು ಅಳತೆಯನ್ನೇ ಉಳಿಸಿದ್ದಾರೆ. “ಟಿವಿ ದೊಡ್ಡದು ತಂದೆ, ಹೊಲ ಸಣ್ಣದೇ ಉಳಿಯಿತಲ್ಲ” ಎಂದರು. ಅಗಲ ಮಾಡಲು ಹೋದರೆ ಚೌಕಟ್ಟಿನಾಚೆ ನಿಂತ ದೀಪದ ಸ್ಟ್ಯಾಂಡುಗಳು ಒಳಗೆ ಬರುತ್ತವೆ ಎಂದು ವಿವರಿಸಿದೆ. ಒತ್ತುವರಿ ಎಂದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಇನ್ನು ಕಥೆಯ ಗುಣಮಟ್ಟ. ಮೊದಲೆರಡು ಸೀಸನ್ ಸಪ್ಪೆ. ಇದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. 1988ರಲ್ಲಿ ಅಮೆರಿಕದ ಚಿತ್ರಕಥೆಗಾರರು ಮುಷ್ಕರ ಹೂಡಿದ್ದರಿಂದ ಎರಡನೆಯ ಸೀಸನ್ 22 ಕಂತಿಗೇ ಮುಗಿಯಿತು, ಅದರ ಕೊನೆಯ ಕಂತಂತೂ ಹಳೆಯ ಕಂತುಗಳ ತುಣುಕುಗಳನ್ನು ಪೋಣಿಸಿ ಮಾಡಿದ್ದು. ಮಿಕ್ಕ ಫೋಟೊಗಳನ್ನು ಸೇರಿಸಿ ‘ವಿಶೇಷ ಆಲ್ಬಮ್’ ಎಂದು ಮಾರುವ ಫೋಟೊಗ್ರಾಫರುಗಳನ್ನು ನಾನು ಬಲ್ಲೆ. ಮೂರನೆಯ ಸೀಸನ್ನಿನಿಂದ ಬರಹದ ಹೊಣೆ ಮೈಕೆಲ್ ಪಿಲ್ಲರ್ ಅವರಿಗೆ ಬಂತು. ಹೊರಗಿನವರು ಕಳಿಸಿದ ಕಥೆಗಳನ್ನೂ ಓದತೊಡಗಿದರು, ಪಾತ್ರಗಳಿಗೆ ಮೈಯಲ್ಲಿ ರಕ್ತ ತುಂಬಿತು. ಉಪನಾಯಕ ರೈಕರ್ ಗಡ್ಡ ಬಿಟ್ಟ ಮೇಲೆ ಧಾರಾವಾಹಿ ಸುಧಾರಿಸಿತು ಎಂದು ಅಭಿಮಾನಿಗಳು ಹೇಳುವುದುಂಟು. ಗಡ್ಡ ಬಂದದ್ದು ಎರಡನೆಯ ಸೀಸನ್ನಿನಲ್ಲೇ, ಆದ್ದರಿಂದ ಲೆಕ್ಕ ಒಂದು ವರ್ಷ ಹಿಂದುಮುಂದು. ಇದನ್ನು ಹಿಡಿದದ್ದು ಮಾಮಾ.

ಅವರ ರಜಿಸ್ಟರಿನ ಬಗ್ಗೆ ಹೇಳಲೇಬೇಕು. ಉದ್ದನೆಯ ಗೆರೆ ಪುಸ್ತಕ. ಅಂಕಣಗಳು ನಾಲ್ಕು: ಕಂತು, ಹೇಳಿಕೆ, ವಿರುದ್ಧ ಹೇಳಿಕೆ, ಷರಾ. ಡೇಟಾ ಎಂಬ ಯಂತ್ರಮಾನವ ಸಾಕಿದ ಸ್ಪಾಟ್ ಎಂಬ ಬೆಕ್ಕು ಮೊದಮೊದಲು ಗಂಡು. 1994ರ ಒಂದು ಕಂತಿನಲ್ಲಿ ಅದು ಮರಿ ಹಾಕುತ್ತದೆ. ಮೈಯ ಬಣ್ಣ, ತುಪ್ಪಳವೂ ಬದಲಾಗಿದೆ.

“ತಮ್ಮಾ, ಈ ಬೆಕ್ಕು ಹೋದ ತಿಂಗಳು ಗಂಡಾಗಿತ್ತು.”

“ಅಜ್ಜಾ, ಇದು ಕಥೆ. ಕಂದಾಯ ಇಲಾಖೆಯಲ್ಲ” ಎಂದಳು ಮಗಳು.

“ಕಂದಾಯ ಇಲಾಖೆಯಲ್ಲೂ ಕಥೆಗಳೇ ಹೆಚ್ಚು, ಅದಕ್ಕೇ ದಾಖಲೆ ಬೇಕು. ಉತಾರದಲ್ಲಿ ಒಂದು ಗುಂಟೆ ತಪ್ಪಿದರೆ ಅಣ್ಣತಮ್ಮಂದಿರು ಕೊಡಲಿ ಎತ್ತುತ್ತಾರೆ. ಇವತ್ತು ಬೆಕ್ಕು, ನಾಳೆ ಹೊಲ.”

ಕ್ಲಿಂಗಾನರ ಹಣೆಯ ಪ್ರಕರಣಕ್ಕೆ ಆ ರಜಿಸ್ಟರಿನಲ್ಲಿ ಮೂರು ಪುಟ ಮೀಸಲು. 1966ರ ಮೂಲ ಧಾರಾವಾಹಿಯಲ್ಲಿ ಈ ಯೋಧ ಜನಾಂಗದ ಹಣೆ ನಮ್ಮ ನಿಮ್ಮ ಹಣೆಯಂತೆ ನುಣುಪು. 1979ರ ಸಿನಿಮಾದಲ್ಲಿ ಇದ್ದಕ್ಕಿದ್ದಂತೆ ಮೂಳೆಯ ಏಣುಗಳು ಎದ್ದವು, ನೆಕ್ಸ್ಟ್ ಜನರೇಷನ್ನಿನ ನೌಕೆಯಲ್ಲಿರುವ ಕ್ಲಿಂಗಾನ್ ಅಧಿಕಾರಿ ವರ್ಫ್‌ಗೂ ಅದೇ ಹಣೆ. ಹಣ ಬಂತು, ಮೇಕಪ್ ಬಂತು, ಅಷ್ಟೇ. 1996ರಲ್ಲಿ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ನ ಒಂದು ಕಂತಿನಲ್ಲಿ ಪಾತ್ರಗಳು ಹಳೆಯ ಕಾಲಕ್ಕೆ ಹೋಗಿ ನುಣುಪು ಹಣೆಯವರನ್ನು ಕಂಡು ವರ್ಫ್‌ನ ಮುಖ ನೋಡುತ್ತಾರೆ. ಆ ವಿಷಯವನ್ನು ನಾವು ಹೊರಗಿನವರ ಮುಂದೆ ಆಡುವುದಿಲ್ಲ ಎಂದು ಅವನು ಗಂಭೀರವಾಗಿ ಹೇಳಿಬಿಡುತ್ತಾನೆ. ನನ್ನ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಎಷ್ಟೋ ಮನೆತನಗಳಲ್ಲಿ ಎಷ್ಟೋ ವಿಷಯಗಳು ಹಾಗೇ ಮುಗಿದಿವೆ. ಆದರೆ 2005ರಲ್ಲಿ ‘ಎಂಟರ್‌ಪ್ರೈಸ್’ ಧಾರಾವಾಹಿ ಎರಡು ಕಂತು ಖರ್ಚು ಮಾಡಿ, ವಂಶವಾಹಿಗಳ ಪ್ರಯೋಗವೊಂದು ಕೈತಪ್ಪಿ ಹಬ್ಬಿದ ರೋಗದಿಂದ ಅವರ ಹಣೆ ನುಣುಪಾಯಿತೆಂದು ವಿವರ ಕೊಟ್ಟಿತು. ಮಗಳ ಮೊಬೈಲಿನಲ್ಲಿ ಅದನ್ನು ನೋಡಿದ ಮಾಮಾ ಷರಾ ಅಂಕಣದಲ್ಲಿ ‘ತಡವಾಗಿ ಇತ್ಯರ್ಥ’ ಎಂದು ಬರೆದು ಸಹಿ ಹಾಕಿದರು. 2017ರಲ್ಲಿ ‘ಡಿಸ್ಕವರಿ’ ಎಂಬ ಹೊಸ ಸ್ಟಾರ್ ಟ್ರೆಕ್ ಬಂದು ಕ್ಲಿಂಗಾನರ ತಲೆಗೂದಲನ್ನೇ ತೆಗೆದಾಗ ಕಡತ ಮತ್ತೆ ತೆರೆಯಿತು.

ನನ್ನ ಲೆಕ್ಕ ಬೇರೆ. ಬೆಕ್ಕು ಗಂಡೋ ಹೆಣ್ಣೋ ನನಗೆ ಬೇಡ. ಹೋದ ಕಂತಿನಲ್ಲಿ ಪೆಟ್ಟು ತಿಂದವನಿಗೆ ಈ ಕಂತಿನಲ್ಲಿ ನೋವು ಇದೆಯೋ ಇಲ್ಲವೋ, ಅದು ಬೇಕು.

ಮೂರನೆಯ ಸೀಸನ್ನಿನ ಕೊನೆಗೆ ಬೋರ್ಗ್ ಎಂಬ ಅರೆಯಂತ್ರ ಜನಾಂಗ ಕ್ಯಾಪ್ಟನ್ ಪಿಕಾರ್ಡ್‌ನನ್ನು ಹಿಡಿದು ತಮ್ಮವನನ್ನಾಗಿ ಮಾಡಿಕೊಳ್ಳುತ್ತದೆ. ಅವನ ತಿಳಿವಳಿಕೆಯನ್ನೇ ಆಯುಧ ಮಾಡಿಕೊಂಡು ಅವನ ಕಡೆಯ 39 ನೌಕೆಗಳನ್ನು ಸುಡುತ್ತದೆ. ನಾಲ್ಕನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಅವನನ್ನು ಬಿಡಿಸಿಕೊಂಡು ಬರುತ್ತಾರೆ. ಬೇರೆ ಯಾವ ಧಾರಾವಾಹಿಯಾದರೂ ಮರುವಾರ ಹೊಸ ಗ್ರಹ, ಹೊಸ ತಂಟೆ. ಇಲ್ಲಿ ಹಾಗಲ್ಲ. ಎರಡನೆಯ ಕಂತು ‘ಫ್ಯಾಮಿಲಿ’ಯಲ್ಲಿ ಪಿಕಾರ್ಡ್ ಫ್ರಾನ್ಸಿನ ತನ್ನ ಹಳ್ಳಿಗೆ, ದ್ರಾಕ್ಷಿ ತೋಟ ನೋಡಿಕೊಂಡಿರುವ ಅಣ್ಣನ ಮನೆಗೆ ಹೋಗುತ್ತಾನೆ. 178 ಕಂತುಗಳಲ್ಲಿ ಚಾಲನಾ ಕೋಣೆಯನ್ನೇ ತೋರಿಸದ ಕಂತು ಇದೊಂದೇ. ಊರು ಬಿಟ್ಟು ಹೋದ ತಮ್ಮ, ಮಣ್ಣು ಹಿಡಿದು ಉಳಿದ ಅಣ್ಣ. ಅಣ್ಣ ಚುಚ್ಚಿ ಚುಚ್ಚಿ ಮಾತಾಡಿ ಕೆಣಕುತ್ತಾನೆ, ಇಬ್ಬರೂ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ, ನಗುತ್ತಾರೆ. ನಗುತ್ತ ನಗುತ್ತ ಪಿಕಾರ್ಡ್‌ನ ಮುಖ ಕುಸಿಯುತ್ತದೆ. ತಡೆಯಲು ನನ್ನಿಂದ ಆಗಲಿಲ್ಲ ಎಂದು ಅಳುತ್ತಾನೆ.

ಮಾಮಾನ ಅಣ್ಣ ನವಲಗುಂದದ ಕಡೆ ಎರೆಹೊಲದಲ್ಲಿ ಜೀವನ ಕಳೆದವರು. ನೌಕರಿ ಹಿಡಿದು ಹೋದ ತಮ್ಮನೊಡನೆ ಎಷ್ಟೋ ವರ್ಷ ಮಾತಾಡಿರಲಿಲ್ಲ. ಕಂತು ಮುಗಿದ ಮೇಲೆ ಮಾಮಾ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಆ ಕೆಸರು ಸುಳ್ಳು. ನಮ್ಮ ಎರೆಮಣ್ಣಾಗಿದ್ದರೆ ಇಬ್ಬರೂ ಏಳುತ್ತಲೇ ಇರಲಿಲ್ಲ” ಎಂದರು. ಆ ದಿನ ರಜಿಸ್ಟರ್ ತೆರೆಯಲಿಲ್ಲ.

ಐದನೆಯ ಸೀಸನ್ನಿನ ‘ದಿ ಇನ್ನರ್ ಲೈಟ್’ ಅನ್ನು ಎಲ್ಲರೂ ಹೊಗಳುತ್ತಾರೆ. 1993ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಪಿಕಾರ್ಡ್ ಅರ್ಧ ಗಂಟೆಯೂ ತುಂಬದ ಪ್ರಜ್ಞಾಹೀನತೆಯಲ್ಲಿ, ಎಂದೋ ನಾಶವಾದ ಗ್ರಹವೊಂದರಲ್ಲಿ ಮಕ್ಕಳು ಮೊಮ್ಮಕ್ಕಳ ಸಮೇತ ಇಡೀ ಬಾಳು ಬಾಳಿ ಬರುತ್ತಾನೆ, ಅಲ್ಲಿ ಕಲಿತ ಕೊಳಲು ಕೈಯಲ್ಲಿ ಉಳಿಯುತ್ತದೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಮುಂದಿನ ಸೀಸನ್ನಿನ ‘ಲೆಸನ್ಸ್’ ಎಂಬ ಸಾಧಾರಣ ಕಂತು. ಅಲ್ಲಿ ಅವನು ಅದೇ ಕೊಳಲನ್ನು ಹೊರತೆಗೆದು ತಾನು ಮೆಚ್ಚಿದ ಹೆಂಗಸಿಗೆ ಅದರ ಕಥೆ ಹೇಳುತ್ತಾನೆ. ಕೊಳಲು ಮರೆತುಹೋಗಿರಲಿಲ್ಲ. ನಿರಂತರತೆ ಎಂದು ನಾನು ಕರೆಯುವುದು ಇದನ್ನೇ.

ಇದೇ ಧಾರಾವಾಹಿ ಮರೆತದ್ದೂ ಉಂಟು, ಅಲ್ಲಿ ಮಾತ್ರ ಮಾಮಾ ಮತ್ತು ನಾನು ಒಂದೇ ಪಕ್ಷ. ಏಳನೆಯ ಸೀಸನ್ನಿನ ಒಂದು ಕಂತಿನಲ್ಲಿ, ನೌಕೆಗಳ ಅತಿವೇಗದಿಂದ ಅಂತರಿಕ್ಷವೇ ಹರಿದುಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಇನ್ನು ಮುಂದೆ ವಾರ್ಪ್ ಎಂಬ ಅವರ ವೇಗದ ಅಳತೆಯಲ್ಲಿ ಐದಕ್ಕಿಂತ ವೇಗವಾಗಿ ಹೋಗಕೂಡದು ಎಂದು ಆದೇಶ ಹೊರಡುತ್ತದೆ. ಎಂಥ ಕಥೆಯಾಗಬಹುದಿತ್ತು! ಒಂದೆರಡು ಕಂತಿನಲ್ಲಿ ‘ನಮಗೆ ವಿನಾಯಿತಿ ಸಿಕ್ಕಿದೆ’ ಎಂಬ ಮಾತು ಬಂತು, ಆಮೇಲೆ ಅದೂ ಇಲ್ಲ. ನಮ್ಮ ಬೈಪಾಸ್ ರಸ್ತೆಯ ವೇಗಮಿತಿ ಫಲಕದ ಗತಿಯೇ ಆಯಿತು. ವಿನಾಯಿತಿ ಎಂಬ ಶಬ್ದ ಕೇಳಿ ಮಾಮಾ ನಕ್ಕ ನಗೆಯಲ್ಲಿ ಮೂವತ್ತು ವರ್ಷದ ಸರ್ಕಾರಿ ನೌಕರಿ ಇತ್ತು.

ಮುಂದೆ ಬಂದ ‘ವಾಯೇಜರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಿಂದ ಎಪ್ಪತ್ತೈದು ವರ್ಷದ ದಾರಿಯಷ್ಟು ದೂರದಲ್ಲಿ ಸಿಕ್ಕಿಬಿದ್ದ ಒಂಟಿ ನೌಕೆ. ಮೊದಲ ಸೀಸನ್ನಿನಲ್ಲೇ ತಮ್ಮಲ್ಲಿ 38 ಟಾರ್ಪಿಡೋ ಇವೆ, ಖರ್ಚಾದರೆ ಮತ್ತೆ ತರುವಂತಿಲ್ಲ ಎನ್ನುತ್ತಾರೆ. ಏಳು ಸೀಸನ್ ಮುಗಿಯುವ ಹೊತ್ತಿಗೆ ಆ ಸಂಖ್ಯೆಯನ್ನು ಎಂದೋ ದಾಟಿರುತ್ತಾರೆ. ಟಾರ್ಪಿಡೋ ಲೆಕ್ಕ ಮಾಮಾಗೆ ಬಿಟ್ಟಿದ್ದೇನೆ. ಆದರೆ ಪ್ರತಿ ಕಂತಿಗೂ ನೌಕೆ ದೀಪಾವಳಿಗೆ ಸುಣ್ಣ ಬಳಿದ ಮನೆಯಂತೆ ಫಳಫಳ ಹೊಳೆದರೆ, ದೂರದ ದಾರಿ ಎಂಬ ಮಾತನ್ನು ನಾನು ಹೇಗೆ ನಂಬಲಿ? ಮಗಳು ಇದನ್ನು ಒಪ್ಪುವುದಿಲ್ಲ. ದಣಿದು ಮನೆಗೆ ಬಂದವರಿಗೆ ಯಾವ ಕಂತನ್ನು ಬೇಕಾದರೂ ಎತ್ತಿ ನೋಡುವ ಸುಖ ಬೇಕು ಎನ್ನುತ್ತಾಳೆ. ಅವಳ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ ಎರಡೂ ಟೇಪಿನ ಮೇಲೆ ಸಂಕಲಿತವಾದವು, ಅವಕ್ಕೆ ಈ ಮರುಸ್ಕ್ಯಾನಿನ ಭಾಗ್ಯ ಬಂದಿಲ್ಲ. ಅಭಿಮಾನಿಗಳ ಹಣದಿಂದ ತಯಾರಾದ 2019ರ ಸಾಕ್ಷ್ಯಚಿತ್ರದಲ್ಲಿ ಡೀಪ್ ಸ್ಪೇಸ್ ನೈನಿನ ಕೆಲವು ದೃಶ್ಯಗಳು ಹೊಸ ರೂಪದಲ್ಲಿ ಬಂದವು. ಅಷ್ಟೇ.

ಡಿಸ್ಕುಗಳ ಬಾಳಿಕೆ: ಧಾರವಾಡದ ಮಳೆಗಾಲದಲ್ಲಿ ನೆಗೆಟಿವ್‌ಗೆ ಬೂಷ್ಟು ಹಿಡಿಯುವಂತೆ ಡಿಸ್ಕಿನ ಡಬ್ಬಿಯ ಕಾಗದಕ್ಕೂ ಹಿಡಿಯುತ್ತದೆ. ಸ್ಟುಡಿಯೋದ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟೆ, ಡಿಸ್ಕು ಒಂದೂ ಕೆಟ್ಟಿಲ್ಲ. ಪ್ಲೇಯರ್ ಮಾತ್ರ ಒಮ್ಮೆ ಕೈಕೊಟ್ಟಿತು. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದು ಲೆನ್ಸ್ ಒರೆಸಿಸಿಕೊಂಡು ಬಂದೆ. ಆನ್‌ಲೈನಿನಲ್ಲಿ ಸಿಗುವಾಗ ಡಿಸ್ಕು ಯಾಕೆ ಎಂದು ಕೇಳುವವರಿದ್ದಾರೆ. ನಾವು ಚಂದಾ ಕಟ್ಟಿದ್ದ ಒಂದು ಸೇವೆಯಲ್ಲಿ ಇದು ಒಂದು ದಿನ ಇತ್ತು, ಮರುದಿನ ಇರಲಿಲ್ಲ. ಕನ್ನಡ ಅಡಿಬರಹ ಎಲ್ಲೂ ಸಿಕ್ಕಿಲ್ಲ. ಮಾಮಾ ಇಂಗ್ಲಿಷಿನದನ್ನೇ ಕನ್ನಡಕ ಒರೆಸಿಕೊಂಡು ಓದುತ್ತಾರೆ.

ಚಿತ್ರಕ್ಕೆ ಐದು ನಕ್ಷತ್ರ. ಮೊದಲೆರಡು ಸೀಸನ್ನಿಗೆ ಎರಡು, ಮೂರರಿಂದ ಆರಕ್ಕೆ ಐದು, ಏಳಕ್ಕೆ ಮೂರೂವರೆ. ಹೊಸಬರು ಮೂರನೆಯದರಿಂದ ಹಿಡಿಯಬಹುದು. ಮೂಲ ಕಾಗದ ನೋಡದೆ ಖರೀದಿ ಮಾಡಬಾರದು, ಒಂದರಿಂದಲೇ ನೋಡಬೇಕು ಎಂಬುದು ಮಾಮಾನ ಭಿನ್ನಮತ. ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ.

ಮೂರನೆಯ ಸುತ್ತು ನಿಂತ ಕಾರಣಕ್ಕೆ ಬರುತ್ತೇನೆ. ನಾಲ್ಕನೆಯ ಸೀಸನ್ನಿನ ಮೊದಲ ಡಿಸ್ಕನ್ನು ಮಗಳು ತನ್ನ ಗೆಳತಿಗೆ ಕೊಟ್ಟಿದ್ದಳು. ಪಿಕಾರ್ಡ್‌ನನ್ನು ಬಿಡಿಸಿಕೊಂಡು ಬರುವ ಕಂತು, ‘ಫ್ಯಾಮಿಲಿ’, ಎರಡೂ ಅದರಲ್ಲೇ ಇವೆ. ಗೆಳತಿ ಪುಣೆಗೆ ವರ್ಗವಾಗಿ ಹೋದಳು, ಡಿಸ್ಕು ಅವಳ ಸಾಮಾನಿನಲ್ಲಿ ಎಲ್ಲೋ ಇದೆಯಂತೆ. 1990ರಲ್ಲಿ ಅಮೆರಿಕದ ಪ್ರೇಕ್ಷಕರು ಪಿಕಾರ್ಡ್ ಏನಾದನೆಂದು ತಿಳಿಯಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾದಿದ್ದರು. ನಾವು ದೀಪಾವಳಿಯಿಂದ ಕಾಯುತ್ತಿದ್ದೇವೆ. ಬಿಟ್ಟು ಮುಂದಿನ ಡಿಸ್ಕಿಗೆ ಹೋಗೋಣ, ಹೇಗೂ ಎರಡು ಸಲ ನೋಡಿದ್ದೇವಲ್ಲ ಎಂದೆ. ಮಾಮಾ ರಜಿಸ್ಟರ್ ನನ್ನ ಕಡೆ ತಿರುಗಿಸಿದರು. ಷರಾ ಅಂಕಣದಲ್ಲಿ ಬರೆದಿತ್ತು: ‘ಮೂಲ ಪ್ರತಿ ಲಭ್ಯವಿಲ್ಲ. ಮುಂದಿನ ಕ್ರಮ ತಡೆಹಿಡಿಯಲಾಗಿದೆ.’