ಆಮೆಯಿಂದ ಯೂರೋವರೆಗೆ: ಬೆಳಗಾವಿಯಲ್ಲಿ ಸಿಗುವ ಗ್ರೀಕ್ ನಾಣ್ಯಗಳ ಡಬ್ಬಿ

ಬೆಳಗಾವಿಯಲ್ಲಿ ಶಾಲಾ ಉಪಕರಣ ಮಾರುವ ಅಂಗಡಿಯೊಂದರಲ್ಲಿ ಈಗ ಗ್ರೀಕ್ ನಾಣ್ಯಗಳ ಡಬ್ಬಿ ಸಿಗುತ್ತಿದೆ. ಬೆಲೆ 1,850 ರೂಪಾಯಿ. ಒಳಗೆ ಹತ್ತು ನಾಣ್ಯ, ಒಂದು ನೋಟಿನ ನಕಲು, ಪ್ರತಿಯೊಂದಕ್ಕೂ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಇರುವ ಕಾರ್ಡು. ನಾಣ್ಯಗಳಲ್ಲಿ ಎಂಟು ನಕಲು. ಗ್ರೀಸಿನ ಹಳೆಯ ಹಣವಾದ ದ್ರಾಕ್ಮಾದ 10ರ ನಾಣ್ಯ ಮತ್ತು 1 ಯೂರೋ ಮಾತ್ರ ಅಸಲಿ. ಹೈಸ್ಕೂಲಿನ ಇತಿಹಾಸ ಮಾಸ್ತರರಿಗೆ ಚಲೋ ಸಾಮಾನು. ಆದರೆ ಕಾರ್ಡು ಓದಿ ಹೇಳಿದರೆ ಪಾಠ ಕೆಡುತ್ತದೆ. ಪಕ್ಕದಲ್ಲಿ ತಕ್ಕಡಿ ಇರಬೇಕು.

ತೂಕದಿಂದಲೇ ಶುರು ಮಾಡಿ. ಅಥೆನ್ಸಿನ ಗೂಬೆ ನಾಣ್ಯ ನಾಲ್ಕು ದ್ರಾಕ್ಮಾದ್ದು, ಸುಮಾರು 17.2 ಗ್ರಾಂ ಬೆಳ್ಳಿ. ಕಾರ್ಡಿನಲ್ಲೂ ಅಷ್ಟೇ ಬರೆದಿದ್ದಾರೆ. ಡಬ್ಬಿಯ ಗೂಬೆಯನ್ನು ತೂಗಿದರೆ 11 ಗ್ರಾಂ ಬರುತ್ತದೆ. ಗಾತ್ರ ಸರಿಯಾಗಿಯೇ ಇದೆ, ಲೋಹ ಬೇರೆ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.5 ಗ್ರಾಂ, ಇವರು ಎರಕ ಹೊಯ್ದ ಸತುವಿನ ಮಿಶ್ರಲೋಹದ್ದು ಸುಮಾರು 6.7. ಹಾಗಾಗಿ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆ. ಬೆಳ್ಳಿ ನಾಣ್ಯಗಳ ನಕಲನ್ನು ತೂಗಿ 1.57ರಿಂದ ಗುಣಿಸಿದರೆ ಅಸಲು ತೂಕದ ಹತ್ತಿರ ಬರುತ್ತದೆ. ಇದನ್ನು ಕಾರ್ಡಿನಲ್ಲಿ ಒಂದು ಸಾಲು ಬರೆಯಬಹುದಿತ್ತು.

ಎಲ್ಲ ಬೆಳ್ಳಿ ನಾಣ್ಯಗಳಿಗೂ ಒಂದೇ ಲೋಹ ಹಾಕಿರುವುದರಿಂದ ಅವುಗಳ ನಡುವಿನ ಅನುಪಾತ ಉಳಿದಿದೆ, ಈ ಡಬ್ಬಿಯ ನಿಜವಾದ ಬೆಲೆ ಇರುವುದೂ ಅಲ್ಲೇ. ಡಬ್ಬಿಯ ದ್ರಾಕ್ಮಾ 2.7 ಗ್ರಾಂ ತೂಗುತ್ತದೆ, ನಾಲ್ಕು ಸೇರಿದರೆ ಗೂಬೆಗೆ ಸಮ. ದ್ರಾಕ್ಮಾದ ಆರನೇ ಒಂದು ಪಾಲು ಒಬೊಲ್, ಇಲ್ಲಿ 0.46 ಗ್ರಾಂ. ಇದಕ್ಕೆ ಕಿರಾಣಿ ತಕ್ಕಡಿ ಕೆಲಸಕ್ಕೆ ಬಾರದು. ಸರಾಫರು ಬಳಸುವಂಥ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗದಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲಿ ತೀರ್ಪು ಹೇಳಲು ಕೂತ ನಾಗರಿಕನಿಗೆ ದಿನಕ್ಕೆ 3 ಒಬೊಲ್ ಭತ್ಯೆ ಇತ್ತು. ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲೆ ದಂಡೆತ್ತಿ ಹೊರಟ ಅಥೆನ್ಸಿನ ಹಡಗುಗಳಲ್ಲಿ ಹುಟ್ಟು ಹಾಕುವವನಿಗೆ ದಿನಕ್ಕೆ ಒಂದು ದ್ರಾಕ್ಮಾ. ಒಂದು ಗೂಬೆ ಕೈಗೆ ಕೊಟ್ಟು, ಇದು ಯಾರಿಗೆ ಎಷ್ಟು ದಿನದ ರೊಕ್ಕ ಎಂದು ಕೇಳಿದರೆ ಮಕ್ಕಳು ತಾವೇ ಲೆಕ್ಕ ಹಾಕುತ್ತಾರೆ: ನ್ಯಾಯಾಲಯದವನಿಗೆ ಎಂಟು ದಿನ, ಹುಟ್ಟು ಹಾಕುವವನಿಗೆ ನಾಲ್ಕು.

ಈಜಿನಾ ದ್ವೀಪದ ಆಮೆ ನಾಣ್ಯವನ್ನು ಗೂಬೆಯ ಪಕ್ಕದಲ್ಲೇ ಇಡಬೇಕು. ಕ್ರಿ.ಪೂ. 483ರ ಹೊತ್ತಿಗೆ ಅಥೆನ್ಸಿನ ಲಾರಿಯಂ ಗಣಿಯಲ್ಲಿ ಹೇರಳ ಬೆಳ್ಳಿ ಸಿಕ್ಕಾಗ ಅದನ್ನು ಜನರಿಗೆ ಹಂಚುವ ಬದಲು ಹಡಗು ಕಟ್ಟಿಸಿ ಎಂದು ನಾಯಕ ಥೆಮಿಸ್ಟೊಕ್ಲಿಸ್ ಅಥೆನ್ಸಿನವರನ್ನು ಒಪ್ಪಿಸಿದ. ಆಗ ಅವನು ಮುಂದಿಟ್ಟ ಕಾರಣ ಪರ್ಷಿಯಾ ಅಲ್ಲ, ನೆರೆಯ ಈಜಿನಾದ ಮೇಲಿನ ಯುದ್ಧ. ಆ ಹಡಗುಗಳೇ ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದವು. ಆಮೆಯ ಹಿಂಬದಿಯಲ್ಲಿ ಚಿತ್ರವಿಲ್ಲ, ಚೌಕಾಕಾರದ ತಗ್ಗು ಮಾತ್ರ. ಸವೆದುಹೋಗಿದೆ ಎಂದು ತಿರುಗಿಸಿ ಕೊಡಬೇಡಿ. ಸುತ್ತಿಗೆ ಪೆಟ್ಟು ಬೀಳುವಾಗ ಬೆಳ್ಳಿಯನ್ನು ಅಚ್ಚಿಗೆ ಒತ್ತಿ ಹಿಡಿದ ಉಳಿಯ ಗುರುತು ಅದು.

ಎರಕದ ಕೆಲಸ ಸಾಧಾರಣ. ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಕಾಣುತ್ತದೆ, ಮೇಲ್ಮೈಯಲ್ಲಿ ಸಣ್ಣ ಗುಳಿಗಳಿವೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಎಲ್ಲವೂ ಚಕ್ರದಷ್ಟು ದುಂಡಗೆ, ಚಿತ್ರ ನಟ್ಟನಡುವೆ. ಅಸಲಿಗಳು ಕೈಯಿಂದ ಠಸೆ ಒತ್ತಿದವು. ಅಂಚು ಸೀಳಿರುತ್ತದೆ, ಗೂಬೆಯ ಇನ್ನೊಂದು ಬದಿಯಲ್ಲಿರುವ ಅಥೀನಾ ದೇವತೆಯ ಶಿರಸ್ತ್ರಾಣದ ತುರಾಯಿ ಎಷ್ಟೋ ನಾಣ್ಯಗಳಲ್ಲಿ ಹೊರಗೇ ಉಳಿದಿರುತ್ತದೆ. ಆದರೆ ಅಥೆನ್ಸಿನ ಹೆಸರು ಸೂಚಿಸುವ ಆಲ್ಫಾ, ಥೀಟಾ, ಎಪ್ಸಿಲಾನ್ ಮೂರೂ ಅಕ್ಷರ ಸ್ಪಷ್ಟವಾಗಿ ಮೂಡಿವೆ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡಂತೆ ಇರುವ ಹಳೆಯ ಶೈಲಿಯನ್ನೂ ಬಿಟ್ಟಿಲ್ಲ. ಅದು ನನಗೆ ಬಹಳ ಮೆಚ್ಚುಗೆಯಾಯಿತು.

ಕಾರ್ಡುಗಳಲ್ಲಿ ತಿದ್ದಲೇಬೇಕಾದ ತಪ್ಪು ಎರಡು. ಅಲೆಕ್ಸಾಂಡರನ ನಾಣ್ಯದ ಕಾರ್ಡು 'ಸಿಂಹಚರ್ಮ ತೊಟ್ಟ ಅಲೆಕ್ಸಾಂಡರ್' ಎನ್ನುತ್ತದೆ. ಆ ಮುಖ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್‌ನದು. ಹಿಂಬದಿಯಲ್ಲಿ ಹದ್ದು ಹಿಡಿದು ಕೂತವನು ದೇವರಾಜ ಜ್ಯೂಸ್. ಟಗರಿನ ಕೊಂಬಿರುವ ಅಲೆಕ್ಸಾಂಡರನ ಪ್ರಸಿದ್ಧ ಮುಖವನ್ನು ಅವನು ಸತ್ತ ಮೇಲೆ ಅವನ ಸೇನಾಪತಿಗಳಲ್ಲೊಬ್ಬನಾದ ಲೈಸಿಮ್ಯಾಕಸ್ ಅಚ್ಚು ಹಾಕಿಸಿದ. ಇನ್ನೊಂದು ತಪ್ಪು 1944ರ ನೋಟಿನದು. ಕಾರ್ಡಿನಲ್ಲಿ ಸಾವಿರ ಕೋಟಿ ಎಂದಿದೆ. ನೋಟಿನ ಮೇಲೆ ಒಂದರ ಮುಂದೆ ಹನ್ನೊಂದು ಸೊನ್ನೆ, ಅಂದರೆ ಹತ್ತು ಸಾವಿರ ಕೋಟಿ ದ್ರಾಕ್ಮಾ. ಜರ್ಮನಿ, ಇಟಲಿ, ಬಲ್ಗೇರಿಯಾ ಸೇರಿ ಗ್ರೀಸನ್ನು ಹಂಚಿಕೊಂಡು ಆಕ್ರಮಿಸಿದ್ದ ವರ್ಷಗಳಲ್ಲಿ ಬರಗಾಲವೂ ಬಂತು, ಹಣವೂ ಬೆಲೆ ಕಳೆದುಕೊಂಡಿತು. 1944ರ ನವೆಂಬರಿನಲ್ಲಿ ಐದು ಸಾವಿರ ಕೋಟಿ ಹಳೆಯ ದ್ರಾಕ್ಮಾಕ್ಕೆ ಒಂದು ಹೊಸದು ಎಂದಾಯಿತು. ಆ ಲೆಕ್ಕದಲ್ಲಿ ಈ ನೋಟಿಗೆ ಬರುತ್ತಿದ್ದುದು ಎರಡೇ ದ್ರಾಕ್ಮಾ. ಇಷ್ಟು ದೊಡ್ಡ ಮಾತಿನಲ್ಲಿ ಒಂದು ಸೊನ್ನೆ ಬಿಡುವುದು ಸಣ್ಣ ತಪ್ಪಲ್ಲ.

ಇಂಡೋ-ಗ್ರೀಕ್ ರಾಜ ಮೆನಾಂಡರನ ದ್ರಾಕ್ಮಾ ನಮ್ಮವರಿಗೆ ಹತ್ತಿರದ್ದು, ಬೌದ್ಧ ಸಾಹಿತ್ಯದ ಮಿಲಿಂದ ಇವನೇ. ಒಂದು ಬದಿ ಗ್ರೀಕ್ ಅಕ್ಷರ, ಇನ್ನೊಂದು ಬದಿ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿ. ಅಸಲಿಯ ತೂಕ 2.45 ಗ್ರಾಂ ಸುಮಾರು. ಅಥೆನ್ಸಿನ 4.3 ಗ್ರಾಂ ದ್ರಾಕ್ಮಾದ ಜೊತೆ ಹೋಲಿಸಿ ಇದು ಕಡಿಮೆ ಬಂತೆಂದು ತಿಳಿಯಬಾರದು. ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕ್ ರಾಜರು ಇಲ್ಲಿನ ಪದ್ಧತಿಗೆ ತಕ್ಕ ತೂಕ ಇಟ್ಟುಕೊಂಡರು.

ಬೈಜಾಂಟೈನ್ ಸಾಮ್ರಾಜ್ಯದ ಹೆರಾಕ್ಲಿಯಸ್ ಚಕ್ರವರ್ತಿಯ ಸಾಲಿಡಸ್ ಎಂಬ ಚಿನ್ನದ ನಾಣ್ಯ ಮಾತ್ರ ಪೂರಾ ನಿರಾಸೆ. ಅಸಲಿ ಸುಮಾರು 4.5 ಗ್ರಾಂ ತೂಗುವ ತೆಳು ನಾಣ್ಯ. ಸತುವಿನಲ್ಲಿ ಅದೇ ಗಾತ್ರ ಮಾಡಿದ್ದರೆ ಒಂದೂವರೆ ಗ್ರಾಂ ಆಗುತ್ತಿತ್ತು; ಹಗುರ ಅನ್ನಿಸದಿರಲೆಂದು ದಪ್ಪ ಮಾಡಿದ್ದಾರೆ. ಗಾತ್ರವೂ ಹೋಯಿತು, ತೂಕದ ಅನುಪಾತವೂ ಹೋಯಿತು. ಕಾಲ ನೆನಪಿಡಲು ಮಾತ್ರ ಇದು ಉಪಯೋಗ: ಹೆರಾಕ್ಲಿಯಸ್ ಆಳಿದ್ದು 610ರಿಂದ 641, ಬಾದಾಮಿಯ ಇಮ್ಮಡಿ ಪುಲಕೇಶಿ ಆಳಿದ್ದು 610ರಿಂದ 642. ಹಾಗೆಯೇ ಗ್ರೀಕರು ತುರ್ಕರ ವಿರುದ್ಧ ಎದ್ದದ್ದು 1821ರಲ್ಲಿ, ಕಿತ್ತೂರು ಚೆನ್ನಮ್ಮ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದು 1824ರಲ್ಲಿ. ಸ್ವತಂತ್ರ ಗ್ರೀಸಿನ ಮೊದಲ ಆಡಳಿತಗಾರ ಕಪೊದಿಸ್ತ್ರಿಯಾಸ್ ಹೊರಡಿಸಿದ ಫೀನಿಕ್ಸ್ ನಾಣ್ಯದ ಮೇಲೆ 1828 ಎಂದಿದೆ. ಅದರ ಟಂಕಸಾಲೆ ಇದ್ದದ್ದು ಆಮೆಯ ಅದೇ ಈಜಿನಾದಲ್ಲಿ.

10 ದ್ರಾಕ್ಮಾದಲ್ಲಿ ಪರಮಾಣುವಿನ ಮಾತೆತ್ತಿದ ಪ್ರಾಚೀನ ಗ್ರೀಕ್ ತತ್ವಜ್ಞಾನಿ ಡೆಮಾಕ್ರಿಟಸ್ ಮತ್ತು ಪರಮಾಣು. ವಿಜ್ಞಾನದ ಮಾಸ್ತರರಿಗೂ ಬೇಕಾಗಬಹುದು. 2002ರಲ್ಲಿ 340.75 ದ್ರಾಕ್ಮಾಕ್ಕೆ ಒಂದು ಯೂರೋ ಎಂದು ಬದಲಾಯಿತು. ಗ್ರೀಸಿನ 1 ಯೂರೋ ಮೇಲೆ ಅಥೆನ್ಸಿನ ಅದೇ ಗೂಬೆ ನಾಣ್ಯದ ಚಿತ್ರವಿದೆ. ಎರಡನ್ನೂ ಒಟ್ಟಿಗೆ ಕೈಗೆ ಕೊಡಿ.

ಜೋಪಾನದ ವಿಷಯ: ನಕಲುಗಳಿಗೆ ಹುಣಸೆಹಣ್ಣು, ನಿಂಬೆ ತಾಗಿಸಬೇಡಿ. ಮೆರುಗು ಸವೆದಲ್ಲಿ ಹುಳಿ ಸತುವನ್ನು ತಿಂದು ಕಪ್ಪು ಮಾಡುತ್ತದೆ. ಒಣ ಮೆತ್ತನೆಯ ಬಟ್ಟೆ ಸಾಕು. 10 ದ್ರಾಕ್ಮಾವನ್ನು ಇಟ್ಟುಕೊಟ್ಟ ಮೆದು ಪಿವಿಸಿ ಚೀಲದಿಂದ ಮೊದಲು ಹೊರಗೆ ತೆಗೆಯಿರಿ. ವರ್ಷಗಳು ಕಳೆದಂತೆ ಅದು ಅಂಟು ಬಿಟ್ಟು ನಾಣ್ಯಕ್ಕೆ ಹಸಿರು ಹಿಡಿಸುತ್ತದೆ. ಕಾಗದದ ಲಕೋಟೆ ಮೇಲು. ಒಬೊಲ್ ಅಂಗಿ ಗುಂಡಿಗಿಂತ ಚಿಕ್ಕದು, ಮುಚ್ಚಳದ ಸಣ್ಣ ಡಬ್ಬಿಯಲ್ಲಿಡಿ.

ಕೊಳ್ಳುವಾಗ ಅಂಗಡಿಯಲ್ಲೇ ಬಿಚ್ಚಿ ನೋಡಿ. ಎಂಟರ ಅಂಚಿನಲ್ಲೂ 'ನಕಲು' ಎಂಬ ಮುದ್ರೆ ಇರಬೇಕು. ಕೆಲವು ಡಬ್ಬಿಗಳ ಸಾಲಿಡಸ್ ಮೇಲೆ ಅದು ಮೂಡಿಲ್ಲ. ಅಂಥದ್ದನ್ನು ಬದಲಿಸಿ ಕೊಡಿ ಎನ್ನಿ, ಇಲ್ಲವಾದರೆ ಬಿಟ್ಟುಬನ್ನಿ: ಮುದ್ರೆಯಿಲ್ಲದ ಹಳದಿ ನಾಣ್ಯವನ್ನು ನಾಳೆ ಯಾರೋ ನೆಲದಲ್ಲಿ ಸಿಕ್ಕ ಚಿನ್ನ ಎಂದು ಹೇಳಿ ಮಾರಬಹುದು.